ಬ್ಯಾಂಜೊದ ಮೂರನೇ ಸಾಲು

ನನಗೆ ಸಿಟ್ಟು ಬೇಗ. ಅಂಥವನನ್ನು ಹಿಡಿದು ಬ್ಯಾಂಜೊ ಕಲಿಸಲು ಕೂರಿಸಿದವರಿಗೆ ಏನನ್ನಬೇಕೋ ಇಂದಿಗೂ ಗೊತ್ತಾಗಿಲ್ಲ. ಐವತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಮುಂಬಯಿಗೆ ಬಂದ ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ, ಪರೇಲಿನ ಒಂದು ಚಾಳಿನಲ್ಲಿ ಇನ್ನಿಬ್ಬರ ಜೊತೆ ಖೋಲಿ ಹಂಚಿಕೊಂಡಿದ್ದೆ. ಬೇಸರ ಕಳೆಯಲೆಂದು ಒಂದು ಹಳೆಯ ಬ್ಯಾಂಜೊ ಕೊಂಡು, ನನ್ನಷ್ಟಕ್ಕೆ ನಾನೇ ಕಲಿತು, ಸಂಜೆ ಗ್ಯಾಲರಿಯಲ್ಲಿ ಕೂತು ನಮ್ಮ ಕಡೆಯ ಹಾಡುಗಳನ್ನು ಬಾರಿಸುತ್ತಿದ್ದೆ. ಅದು ನಮ್ಮ ಕನ್ನಡ ಮಂಡಳಿಯವರ ಕಿವಿಗೆ ಬಿತ್ತು. ಇದೇ ಚಾಳಿನ ಮೇಲಿನ ಮಹಡಿಯಲ್ಲಿರುವ ಮಂಡಳಿಯ ಖೋಲಿ ಭಾನುವಾರ ಬೆಳಗ್ಗೆ ಖಾಲಿಯೇ ಇರುತ್ತದೆ, ಯಾರಾದರೂ ಕಲಿಯಲು ಬಂದರೆ ಕಲಿಸಿ ಎಂದರು. ಬೇಡ ಎನ್ನುವ ಧೈರ್ಯ ನನಗಾಗಲಿಲ್ಲ.

ಮುಂಬಯಿಯಲ್ಲಿ ಬ್ಯಾಂಜೊ ಎಂದರೆ ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ಉಕ್ಕಿನ ತಂತಿ, ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈಯಿಂದ ಗುಂಡಿ ಒತ್ತಬೇಕು, ಬಲಗೈಯಿಂದ ತಂತಿ ಮೀಟಬೇಕು. ಗಣಪತಿ ಮೆರವಣಿಗೆಯಲ್ಲಿ ಡೋಲಿನ ಜೊತೆ ಕಿರುಚುವುದು ಇದೇ. ನೋಡಿದವರಿಗೆಲ್ಲ ಇದೇನು ಮಹಾ, ಗುಂಡಿ ಒತ್ತಿದರಾಯಿತು ಅನ್ನಿಸುತ್ತದೆ. ಹಾಗೆ ಅನ್ನಿಸಿದವರೆಲ್ಲ ನನ್ನ ಕ್ಲಾಸಿಗೆ ಬಂದರು. ನಾನು ಗುಂಡಿಗಳ ಮೇಲೆ ಕಾಗದದ ಅಂಕಿ ಅಂಟಿಸಿ, ಯಾವ ಅಂಕಿಯ ನಂತರ ಯಾವುದು ಎಂದು ಗೋಡೆಯ ಹಲಗೆಯ ಮೇಲೆ ಬರೆದೆ. ಮೊದಲ ಪಾಠ ಒಂದು ಜೋಳ ಬೀಸುವ ಹಾಡು. ಮೂರೇ ಸಾಲು. ಮೊದಲನೆಯದು ಮನೆಯಿಂದ ಹೊರಡುತ್ತದೆ, ಎರಡನೆಯದು ಸ್ವಲ್ಪ ಅಲೆದಾಡುತ್ತದೆ, ಮೂರನೆಯದು ತಿರುಗಿ ಮನೆಗೆ ಬರುತ್ತದೆ. ಇದಕ್ಕಿಂತ ಸುಲಭದ್ದು ನಮ್ಮಲ್ಲಿ ಇಲ್ಲ.

ಸುಲಭ ಎಂದು ಹೇಳಿ ನಾನೇ ಕೆಟ್ಟೆ. ಬಂದವರಲ್ಲಿ ಹೆಚ್ಚಿನವರು ಎರಡು ವಾರಕ್ಕೆ ಮಾಯವಾದರು. ಉಳಿದವರು ಇಬ್ಬರು. ಒಬ್ಬ ಉಡುಪಿ ಕಡೆಯ ತರುಣ, ದಾದರಿನ ಹೋಟೆಲಿನಲ್ಲಿ ಮಾಣಿ. ಕೈಯಲ್ಲಿ ಆರು ಕಪ್ಪು-ಬಶಿ ಹಿಡಿದು ಓಡಾಡುವ ಆ ಬೆರಳುಗಳಿಗೆ ಬ್ಯಾಂಜೊ ಲೆಕ್ಕವೇ ಅಲ್ಲ. ಆದರೆ ತಪ್ಪಾದಲ್ಲಿ ಜೋರಾಗಿ ಮೀಟಿ ಅದನ್ನು ಮುಚ್ಚಿಬಿಡುತ್ತಿದ್ದ. ಶ್ರುತಿ ಕೂಡಿಸುತ್ತೇನೆಂದು ಹೋಗಿ ಒಂದು ದಿನ ತಂತಿಯನ್ನೇ ಕಡಿದುಹಾಕಿದ. ಅಂದಿನಿಂದ ಬಿರಡೆ ತಿರುಗಿಸುವ ಚಾವಿಯನ್ನು ನಾನು ನನ್ನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ.

"ಮಾಷ್ಟ್ರೇ, ಇದೆಂತದು ಮಾರಾಯ್ರೆ, ಬೀಸುವ ಕಲ್ಲಿನ ಪದ್ಯ? ಒಂದು ಸಿನೆಮಾದ್ದು ಕಲಿಸಿ. ಇದನ್ನು ಬಾರಿಸಿದ್ರೆ ನಮ್ಮ ಹೋಟ್ಲಲ್ಲಿ ಯಾರು ಕೇಳ್ತಾರೆ?" ಎಂದು ವಾರವಾರವೂ ಅವನದು ಒಂದೇ ರಾಗ.

ಇನ್ನೊಬ್ಬರು ಕಾಕಾ. ವಿಜಾಪುರದ ಕಡೆಯವರು, ನಮ್ಮದೇ ಚಾಳಿನ ಕೆಳಮಹಡಿಯವರು, ಹತ್ತಿರದ ಮಿಲ್ಲಿನಲ್ಲಿ ನೇಕಾರರು. ತಲೆ ಅರ್ಧ ನರೆತಿತ್ತು. ಚಾಳಿನವರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಎಷ್ಟೋ ವರ್ಷ ನೂರಾರು ಮಗ್ಗಗಳ ನಡುವೆ ನಿಂತು ನಿಂತು ಅವರ ಕಿವಿ ಮಂದವಾಗಿತ್ತು. ಮಾತಾಡುವವರ ಬಾಯಿ ನೋಡಿಯೇ ಅರ್ಧ ತಿಳಿದುಕೊಳ್ಳುತ್ತಿದ್ದರು. ಅಂಥವರು ವಾದ್ಯ ಕಲಿಯಲು ಬಂದದ್ದು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲ ದಿನವೇ ಕೇಳಿದೆ, ಈ ವಯಸ್ಸಿನಲ್ಲಿ ಯಾಕೆ ಈ ಹುಚ್ಚು ಎಂದು.

"ಕಿವಿ ಹೊಂಟಾವ್ರೀ ಮಾಸ್ತರ," ಎಂದರು ಕಾಕಾ. ಕಿವುಡರಂತೆ ಗಟ್ಟಿಯಾಗಿಯೇ ಹೇಳಿದರು. "ಡಾಕ್ಟರ ಹೇಳ್ಯಾನ, ಇನ್ನ ಭಾಳ ದಿನ ಇಲ್ಲ ಅಂತ. ನಮ್ಮಕಿ ರೊಟ್ಟಿ ಬಡಿಯೂ ಮುಂದ ಈ ಹಾಡ ಹಾಡತಾಳ. ಈಗ ರೊಟ್ಟಿ ಬಡಿಯೂದು ಕೇಳತದ, ಹಾಡು ಕೇಳಸೂದಿಲ್ಲ. ಇದರ ಧ್ವನಿ ಖಣಖಣ ಅಂತದ. ನನ್ನ ಕೈಲೆ ಒಮ್ಮೆ ಪೂರಾ ಬಾರಿಸಿ, ಒಮ್ಮೆ ಕೇಳಿಬಿಡತೀನಿ. ಆಮ್ಯಾಲ ಹೋಗಲಿ."

ಇಷ್ಟು ಹೇಳಿದ ಮೇಲೆ ಯಾರಾದರೂ ಇಲ್ಲ ಎನ್ನುತ್ತಾರೆಯೇ? ನಾನು ಹುರುಪಿನಿಂದಲೇ ಶುರುಮಾಡಿದೆ. ಮೂರು ಸಾಲಿನ ಹಾಡು, ಮಳೆಗಾಲ ಬರುವುದರೊಳಗೆ ಮುಗಿಸಿಬಿಡೋಣ ಎಂದು ಅವರಿಗೆ ಮಾತು ಕೊಟ್ಟೆ.

ಅವರ ಕೈ ಕೆಟ್ಟದ್ದಲ್ಲ. ಅಂಕಿ ಬೇಗ ನೆನಪಾಯಿತು, ಮೀಟುವುದೂ ಹದಕ್ಕೆ ಬಂತು. ಮಂದ ಕಿವಿಯಾದರೂ ಎಡಗೈಯ ಮೊಣಕೈಯನ್ನು ಪೆಟ್ಟಿಗೆಗೆ ತಾಗಿಸಿ, ತಲೆ ಬಗ್ಗಿಸಿ, ಸಣ್ಣ ಅಪಸ್ವರವನ್ನೂ ಹಿಡಿಯುತ್ತಿದ್ದರು. ಶ್ರುತಿ ಒಂದು ಕೂದಲು ಇಳಿದಿದ್ದರೂ "ಇದು ಹಳ್ಳಾಗ ಬಿದ್ದದ, ಮೊದಲ ಏರಸ್ರಿ" ಎಂದು ಕೈ ಕಟ್ಟಿ ಕೂರುತ್ತಿದ್ದರು, ನಾನು ಚಾವಿ ತೆಗೆದು ಸರಿಮಾಡುವವರೆಗೆ ಮುಟ್ಟುತ್ತಿರಲಿಲ್ಲ. ಸಮಸ್ಯೆ ಬೇರೆಯೇ ಇತ್ತು. ಕಾಕಾಗೆ ತಪ್ಪು ದಾಟಿ ಮುಂದೆ ಹೋಗಲು ಬರುತ್ತಿರಲಿಲ್ಲ.

ಮೊದಲ ಸಾಲಿನ ಕೊನೆಯಲ್ಲಿ ಉಂಗುರದ ಬೆರಳು ಪಕ್ಕದ ಗುಂಡಿಗೆ ಜಾರುತ್ತಿತ್ತು. ಜಾರಲಿ, ಯಾರಿಗೆ ಜಾರುವುದಿಲ್ಲ? ಆದರೆ ಜಾರಿದ ಕೂಡಲೇ ಕಾಕಾ ಎರಡೂ ಕೈ ಎತ್ತಿಬಿಡುತ್ತಿದ್ದರು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ ಜಾರು. ಮತ್ತೆ ಮೊದಲಿನಿಂದ. ಹೇಗೋ ಎರಡನೇ ಸಾಲಿಗೆ ಬಂದರೆ ಅಲ್ಲೊಂದು ತಪ್ಪು, ತಿರುಗಿ ಮೊದಲಿನಿಂದ. ಬೆಳಗಿನ ನಲ್ಲಿ ನೀರು ನಿಲ್ಲುವವರೆಗೆ, ಮಿಲ್ಲಿನ ಭೋಂಗಾ ಕೂಗುವವರೆಗೆ, ಪಕ್ಕದ ಖೋಲಿಯ ಮರಾಠಿ ಹೆಂಗಸು ಬಂದು "ಮಾಸ್ತರ, ಆತಾ ಪುರೇ ಕರಾ ಹೋ" ಎಂದು, ಇನ್ನು ಸಾಕುಮಾಡಿ ಎಂದು ಕೈ ಮುಗಿಯುವವರೆಗೆ ಅದೇ ಅರ್ಧ ಹಾಡು. ಮೂರನೇ ಸಾಲಿನ ಮುಖವನ್ನು ನಾವು ನೋಡಲೇ ಇಲ್ಲ.

"ಕಾಕಾ, ತಪ್ಪಿದರ ತಪ್ಪಲಿ, ಮುಂದ ಹೋಗ್ರಿ," ಎಂದೆ.

"ಹೆಂಗ ಹೋಗೂದ್ರಿ? ಎಳಿ ಹರೀತಲ್ಲ."

"ಇಲ್ಲಿ ಯಾವ ಎಳಿ?"

"ಮಗ್ಗದಾಗ ಎಳಿ ಹರದ್ರ ಮಗ್ಗ ನಿಲ್ಲಸ್ಬೇಕ್ರಿ. ಹಿಂದ ಹೋಗಬೇಕು, ಗಂಟ ಹಾಕಬೇಕು, ಆಮ್ಯಾಲ ಲಾಳಿ ಬಿಡಬೇಕು. ಹಂಗಽ ನಡಸಿದ್ರ ಅರಿವಿ ಪೂರಾ ಗೆರಿ ಬೀಳತದ. ಜಾಬರ್ ಇಡೀ ಥಾನ ಮಾರಿಗೆ ಒಗೀತಾನ."

ಇಲ್ಲಿ ಬಯ್ಯುವ ಮೇಸ್ತ್ರಿ ಜಾಬರನೂ ಇಲ್ಲ, ಕೆಡುವ ಬಟ್ಟೆಯ ಥಾನೂ ಇಲ್ಲ, ಹಾಡಿನಲ್ಲಿ ತಪ್ಪಿದ್ದು ಆ ಕ್ಷಣಕ್ಕೇ ಗಾಳಿಗೆ ಹೋಯಿತು ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ಅವರು ನನ್ನ ತುಟಿಗಳನ್ನೇ ನೋಡುತ್ತ ಎಲ್ಲಕ್ಕೂ ತಲೆಯಾಡಿಸಿದರು. ಬಾರಿಸಲು ಕೂತರೆ ಮತ್ತದೇ. ಕೈಗಳಿಗೆ ಮಿಲ್ಲು ಕಲಿಸಿದ್ದನ್ನು ನನ್ನ ಭಾನುವಾರದ ಪಾಠ ಬಿಡಿಸುವುದು ಎಲ್ಲಿ ಬಂತು?

ಇನ್ನೊಂದು ಉಪಾಯ ಹೂಡಿದೆ. ಮೂರನೇ ಸಾಲನ್ನೇ ಮೊದಲು ಕಲಿಯಿರಿ, ಆಮೇಲೆ ಹಿಂದಿನದನ್ನು ಜೋಡಿಸೋಣ ಎಂದೆ. ಕಾಕಾ ನನ್ನನ್ನು ಮರುಕದಿಂದ ನೋಡಿದರು. "ನಡುವಿನಿಂದ ಅರಿವಿ ನೇಯಾಕ ಬರತದೇನ್ರಿ ಮಾಸ್ತರ?" ಎಂದರು. ಮಾಣಿ ಬಿದ್ದು ಬಿದ್ದು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಅಂದು ಹಲಗೆ ಒರೆಸಿ, ಖೋಲಿಗೆ ಬೀಗ ಹಾಕಿ, ಯಾರೊಂದಿಗೂ ಮಾತಾಡದೆ ಪರೇಲಿನಿಂದ ದಾದರಿನವರೆಗೆ ನಡೆದುಬಿಟ್ಟೆ. ದಾರಿಯುದ್ದಕ್ಕೂ ತಲೆಯೊಳಗೆ ಅದೇ ಒಂದೂವರೆ ಸಾಲು. ಟ್ರಾಮಿನ ಗಂಟೆಯೂ ಅಲ್ಲಿಗೇ ನಿಂತು ಮತ್ತೆ ಮೊದಲಿನಿಂದ ಹೊಡೆದಂತೆ ಕೇಳಿಸಿತು.

ಮಳೆಗಾಲ ಬಂತು. ತಂತಿಗೆ ತುಕ್ಕು, ಮರಕ್ಕೆ ತೇವ. ಭಾನುವಾರ ಕೂಡಿಸಿದ ಶ್ರುತಿ ಮುಂದಿನ ಭಾನುವಾರಕ್ಕೆ ಎಲ್ಲೋ ಹೋಗಿರುತ್ತಿತ್ತು. ಮಾಣಿ ಒಂದು ಸಿನೆಮಾ ಹಾಡನ್ನು ತಾನೇ ಕಲಿತುಕೊಂಡು, ಗಣಪತಿಯ ಬ್ಯಾಂಜೊ ಪಾರ್ಟಿಯೊಂದನ್ನು ಸೇರಿದ. ಹೋಗುವಾಗ ಪೇಡೆ ತಂದು ಕಾಲಿಗೆ ನಮಸ್ಕಾರ ಮಾಡಿದ. ಅವನು ಕಲಿತದ್ದರಲ್ಲಿ ನಾನು ಕಲಿಸಿದ್ದು ಏನೂ ಇರಲಿಲ್ಲ, ಪೇಡೆ ಮಾತ್ರ ಚೆನ್ನಾಗಿತ್ತು. ಕ್ಲಾಸಿನಲ್ಲಿ ಉಳಿದದ್ದು ನಾನು, ಕಾಕಾ ಮತ್ತು ಒಂದೂವರೆ ಸಾಲು.

ಅವರ ಕಿವಿ ಇಳಿಯುವುದು ನನಗೆ ಕಣ್ಣಿಗೇ ಕಾಣುತ್ತಿತ್ತು. ಮೊದಲು ಮೊಣಕೈ ತಾಗಿಸುತ್ತಿದ್ದವರು ಈಗ ಗದ್ದವನ್ನೇ ಪೆಟ್ಟಿಗೆಯ ಅಂಚಿಗೆ ಒತ್ತುತ್ತಿದ್ದರು. ಭೋಂಗಾ ಕೂಗಿದರೆ ಜನ ಎದ್ದದ್ದು ನೋಡಿ ಏಳುತ್ತಿದ್ದರು. ಹಾಗಿದ್ದೂ ತಪ್ಪು ಬಿದ್ದರೆ ಕೈ ಎತ್ತುವುದು ಬಿಡಲಿಲ್ಲ. ನನಗೆ ಅವರ ಮೇಲೆ ಅಯ್ಯೋ ಅನ್ನಿಸುತ್ತಿತ್ತು, ಅಷ್ಟೇ ರೇಗುತ್ತಲೂ ಇತ್ತು. ಒಬ್ಬ ಮನುಷ್ಯ ತನಗೆ ಬೇಕಾದ ಒಂದೇ ಒಂದು ವಸ್ತುವಿನ ಎದುರು ಕೂತು, ಅದನ್ನು ತನಗೆ ತಾನೇ ಮುಟ್ಟಗೊಡದಿದ್ದರೆ ಪಕ್ಕದಲ್ಲಿ ಕೂತವನು ಏನು ಮಾಡಬೇಕು?

ಒಂದು ಸಂಜೆ ನಾನು ಆಫೀಸಿನಿಂದ ಬರುವಾಗ ಅವರ ಹೆಂಡತಿ ಮೆಟ್ಟಿಲ ಬಳಿ ನಿಲ್ಲಿಸಿದರು. ಆಕೆಯನ್ನು ನಾವೆಲ್ಲ ಕಾಕೂ ಅನ್ನುತ್ತಿದ್ದೆವು. ಕೈಗೆ ಇನ್ನೂ ಜೋಳದ ಹಿಟ್ಟು ಅಂಟಿತ್ತು.

"ತಮ್ಮಾ, ಲಗೂ ಕಲಸಪಾ," ಎಂದರು. "ನಾ ಹಾಡಾಕತ್ತರ ಬಂದು ಮುಂದ ಕುಂಡರತಾರ, ಬಾಯಿ ನೋಡತಾರ. ಮಾತಾದ್ರ ಬಾಯಾಗ ಕಾಣತದ. ಹಾಡು ಎಲ್ಲಿ ಕಾಣಬೇಕು?"

"ಅವರು ನಿಂತ ನಿಂತ ಹಿಂದ ಹೋಗತಾರ ಕಾಕೂ. ನನ್ನ ಮಾತ ಕೇಳೂದಿಲ್ಲ."

"ನನ್ನ ಮಾತರೆ ಎಂದ ಕೇಳ್ಯಾರ?" ಎಂದು ಆಕೆ ನಕ್ಕರು. ನಕ್ಕ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಿಟ್ಟು ಕೆನ್ನೆಗೆ ಹತ್ತಿತು.

ನಾಡಹಬ್ಬ ಹತ್ತಿರ ಬಂದಾಗ ಮಂಡಳಿಯವರು ನಿಮ್ಮ ಶಿಷ್ಯರು ಏನಾದರೂ ಬಾರಿಸುತ್ತಾರೆಯೇ ಎಂದು ವಿಚಾರಿಸಿದರು. ಇಲ್ಲ ಎಂದೆ. ಎಲ್ಲಿಂದ ಬಾರಿಸುವುದು? ಅದೇ ಹೊತ್ತಿಗೆ ಮಿಲ್ಲಿನಲ್ಲಿ ಕಾಕಾನ ಪಾಳಿ ಬದಲಾಯಿತು. ಭಾನುವಾರವೂ ದಣಿದು ಮಲಗಿರುತ್ತಾರೆ, ಬರುವುದಿಲ್ಲ ಎಂದು ಕಾಕೂ ಹೇಳಿಕಳಿಸಿದರು. ನಾನೂ ಬಿಡುವು ಸಿಕ್ಕಿತೆಂದು ಖೋಲಿಯ ಕಡೆ ತಲೆ ಹಾಕಲಿಲ್ಲ. ಬ್ಯಾಂಜೊ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿತು.

ನಾಡಹಬ್ಬ ಮುಗಿದ ಮೇಲಿನ ಒಂದು ಭಾನುವಾರ ಬೊರಿವಲಿಯಲ್ಲಿದ್ದ ಸಂಬಂಧಿಕರ ಮನೆಗೆ ಹೋಗಿದ್ದೆ. ಲೋಕಲ್ ಹಿಡಿದು ಮರಳಿ ಚಾಳಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಮೆಟ್ಟಿಲು ಹತ್ತುತ್ತಿದ್ದಂತೆ ಮೇಲಿನಿಂದ ಬ್ಯಾಂಜೊ ಕೇಳಿಸಿತು. ಬೀಸುವ ಹಾಡು. ಕಾಕಾನ ಕೈಯ ಗುರುತು ನನಗೆ ಸಿಗದೇ ಇದ್ದೀತೇ? ಪಕ್ಕದ ಖೋಲಿಯ ಮರಾಠಿ ಹೆಂಗಸಿನ ಬಳಿ ಇರುತ್ತಿದ್ದ ಮಂಡಳಿಯ ಬೀಗದ ಕೈಯನ್ನು ಇಸಿದುಕೊಂಡು ಕೂತಿದ್ದಾರೆ ಎಂದುಕೊಂಡೆ. ಮೊದಲ ಸಾಲಿನ ಕೊನೆ ಬಂತು. ಉಂಗುರದ ಬೆರಳು ಎಂದಿನಂತೆ ಪಕ್ಕದ ಗುಂಡಿಗೆ ಜಾರಿತು. ನಾನು ಮೆಟ್ಟಿಲ ಮೇಲೇ ಹಲ್ಲು ಕಚ್ಚಿ ನಿಂತೆ, ಈಗ ನಿಲ್ಲುತ್ತದೆ ಎಂದು.

ನಿಲ್ಲಲಿಲ್ಲ.

ತಪ್ಪು ದಾಟಿ ಎರಡನೇ ಸಾಲಿಗೆ ಹೋಯಿತು. ಅಲ್ಲಿ ಮತ್ತೊಂದು ತಪ್ಪು, ಅದನ್ನೂ ದಾಟಿತು. ನನಗೆ ಎದೆ ಹಿಗ್ಗಿಹೋಯಿತು. ಶಹಬ್ಬಾಸ್ ಕಾಕಾ, ಹೋಗ್ರಿ, ಹಂಗಽ ಹೋಗ್ರಿ ಎನ್ನುತ್ತ ಎರಡೆರಡು ಮೆಟ್ಟಿಲು ಹಾರಿ ಏರಿದೆ. ಮೂರನೇ ಸಾಲು ಬಂತು. ಇಷ್ಟು ತಿಂಗಳು ಹಲಗೆಯ ಮೇಲೆ ಬರೀ ಅಂಕಿಯಾಗಿ ಬಿದ್ದಿದ್ದ ಮೂರನೇ ಸಾಲು. ತೊಡರಿತು, ಎಡವಿತು, ಆದರೂ ಮನೆ ಮುಟ್ಟಿತು. ಅಷ್ಟರಲ್ಲಿ ನಾನು ಬಾಗಿಲಿಗೆ ಬಂದಿದ್ದೆ. ಗೋಡೆಗೊರಗಿ ಕಾಕೂ ಕೂತಿದ್ದರು. ಕಾಕಾ ನನಗೆ ಬೆನ್ನು ಹಾಕಿದ್ದರು.

"ಭಲೇ ಕಾಕಾ!" ಎಂದು ಕೂಗಿದೆ.

ಕಾಕಾ ತಿರುಗಲಿಲ್ಲ. ಬಟ್ಟೆಯಿಂದ ಗುಂಡಿಗಳನ್ನು ಒರೆಸುತ್ತಿದ್ದರು. ಕಾಕೂ ನನ್ನನ್ನು ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. ಆಗ ಬ್ಯಾಂಜೊದ ಕಡೆ ನೋಡಿದೆ. ಶ್ರುತಿಯ ತಂತಿ ಸಡಿಲವಾಗಿ ಜೋತುಬಿದ್ದಿತ್ತು. ವಾರಗಟ್ಟಲೆ ಯಾರೂ ಅದನ್ನು ಏರಿಸಿರಲಿಲ್ಲ, ಏರಿಸುವ ಚಾವಿ ನನ್ನ ಜೇಬಿನಲ್ಲಿತ್ತು. ಒಂದು ಕೂದಲು ಇಳಿದರೆ ಕೈ ಕಟ್ಟಿ ಕೂರುತ್ತಿದ್ದವರು ಅದರ ಮೇಲೆ ಇಡೀ ಹಾಡು ಬಾರಿಸಿದ್ದರು.

ಮುಂದೆ ಹೋಗ್ರಿ, ನಿಲ್ಲಬೇಡ್ರಿ ಎಂದು ಎಷ್ಟು ಭಾನುವಾರ ಅರಚಿದ್ದೆ! ಈಗ ಅವರು ಒಂದೇ ಒಂದು ಸಲ ಕೈ ಎತ್ತಿ ನಿಂತಿದ್ದರೆ ಸಾಕಿತ್ತು ಅನ್ನಿಸಿತು. ಮಿಲ್ಲಿನ ಮೇಲೆ, ಮಳೆಯ ಮೇಲೆ, ಪಾಳಿಯ ಮೇಲೆ, ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತೆ.

ಕಾಕಾ ಹೆಂಡತಿಯ ಮುಖ ನೋಡಿ ಹಿಂದೆ ಯಾರೋ ಇದ್ದಾರೆಂದು ತಿಳಿದು ತಿರುಗಿದರು. ನನ್ನನ್ನು ಕಂಡು ಮುಖ ಅರಳಿತು. "ಬಂದ್ರೇನ್ರಿ ಮಾಸ್ತರ! ಪೂರಾ ಆತ್ರೀ. ಬೆರಳಿಗೆ ಎಲ್ಲಾ ನೆನಪದ," ಎಂದರು. ಆಮೇಲೆ ಧ್ವನಿ ತಗ್ಗಿಸಿದರು. ತಗ್ಗಿಸಿದೆ ಎಂದು ಅವರಿಗೆ ಅನ್ನಿಸಿರಬೇಕು, ಗ್ಯಾಲರಿಗೆಲ್ಲ ಕೇಳುವಂತಿತ್ತು. "ಖರೇ ಹೇಳ್ರಿ. ಎಲ್ಲ್ಯರೆ ಎಳಿ ಹರೀತೇನು?"

ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ನಾನು ಹತ್ತಿರ ಹೋಗಿ ಎದುರಿಗೆ ಕೂತು, ಅವರಿಗೆ ಕಾಣುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ: "ಇಲ್ಲ ಕಾಕಾ. ಎಲ್ಲೂ ಹರೀಲಿಲ್ಲ."

"ಹಂಗಾರ ನೀ ಹಾಡು," ಎಂದು ಅವರು ಕಾಕೂಗೆ ಹೇಳಿ ಮತ್ತೆ ಬಾರಿಸತೊಡಗಿದರು. ಕಾಕೂ ಹಾಡಿದರು. ಕಾಕಾ ಆಕೆಯ ಬಾಯಿಯಿಂದ ಕಣ್ಣು ತೆಗೆಯಲಿಲ್ಲ. ಮೊದಲ ಸಾಲಿನ ಕೊನೆಯಲ್ಲಿ ಬೆರಳು ಜಾರಿದಾಗ ಕಾಕೂ ಕೂಡ ಹಾಡನ್ನು ಅಲ್ಲಿಗೆ ಜಾರಿಸಿ ಅವರ ಜೊತೆಗೇ ಮುಂದೆ ಹೋದರು. ನಾನು ಜೇಬಿನಲ್ಲಿದ್ದ ಚಾವಿಯನ್ನು ಹೊರಗೆ ತೆಗೆಯಲಿಲ್ಲ.