ಕೆರೆದ ಜಾಗ

ನಕ್ಷೆ ತಪ್ಪಿತ್ತು. ಕಲ್ಲಪ್ಪನ ಕೈ ತಪ್ಪಿರಲಿಲ್ಲ. ಎಂಟು ವರ್ಷ ನಾನು ಇದನ್ನು ತಿರುವುಮುರುವು ಮಾಡಿ ಹೇಳಿಕೊಂಡು ಬಂದಿದ್ದೇನೆ — ಮೊದಲು ಮಾವನ ಎದುರು, ಆಮೇಲೆ ನಿಲಂಗಾದ ಮಂದಿಯ ಎದುರು, ಕೊನೆಗೆ ನನ್ನೊಳಗೇ. ತಪ್ಪು ನಕ್ಷೆ ಬರೆದವನು ನಾನು. ಅದರಿಂದ ಅವನ ಎರಡು ಬೆರಳು ಹೋದ ಮೇಲೆ ಆ ನಕ್ಷೆಯನ್ನು ಬ್ಲೇಡಿನಿಂದ ಕೆರೆದು ತಿದ್ದಿ, ಅವನೇ ಉಲ್ಟಾ ಕೂಡಿಸಿದ ಎಂದು ಹೇಳಿದವನೂ ನಾನೇ.

ನನ್ನದು ಉಮರ್ಗಾದ ಕಿರಾಣಿ ವ್ಯಾಪಾರದ ಮನೆ. ತಕ್ಕಡಿ ಹಿಡಿಯುವ ಮನಸ್ಸಿಲ್ಲದೆ ಸೊಲ್ಲಾಪುರಕ್ಕೆ ಹೋಗಿ ಎರಡು ವರ್ಷ ಯಂತ್ರದ ನಕ್ಷೆ ಬರೆಯುವುದನ್ನು ಕಲಿತೆ. ತಿರುಗಿ ಬರುವ ಹೊತ್ತಿಗೆ ಪೊಲೀಸ್ ಕಾರ್ಯಾಚರಣೆ ಮುಗಿದು, ನಿಜಾಮರ ಆಳ್ವಿಕೆ ಹೋಗಿ ನಾಲ್ಕು ವರ್ಷವಾಗಿತ್ತು. ನನ್ನ ಸೋದರಮಾವ ನಿಲಂಗಾದಲ್ಲಿ ಎಣ್ಣೆ ಮಿಲ್ಲು ಹಾಕಿದ್ದರು. ಎಲ್ಲಿಂದಲೋ ಒಂದು ಹಳೆಯ ನೀರೊತ್ತಡದ ಪ್ರೆಸ್ ತಂದು ನಿಲ್ಲಿಸಿ, ‘ಇದನ್ನ ನಡಸಿ ತೋರಸು ತಮ್ಮಾ’ ಎಂದರು. ನನಗೆ ಇಪ್ಪತ್ನಾಲ್ಕು ವರ್ಷ. ಅಂಗಿಯ ಜೇಬಿನಲ್ಲಿ ಸದಾ ಕೈವಾರ ಇಟ್ಟುಕೊಂಡು ತಿರುಗುತ್ತಿದ್ದೆ — ಎಲ್ಲರಿಗೂ ಕಾಣಲಿ ಎಂದು.

ಪ್ರೆಸ್ಸಿನ ಕೆಲಸ ದೊಡ್ಡ ಗುಟ್ಟೇನಲ್ಲ. ಕೆಳಗೆ ದಪ್ಪ ಸಿಲಿಂಡರು, ಅದರೊಳಗೆ ಕಬ್ಬಿಣದ ದಂಡ. ಪಂಪಿನಿಂದ ನೀರು ಒತ್ತಿದರೆ ದಂಡ ಮೇಲೇಳುತ್ತದೆ, ಮೇಲೆ ಇಟ್ಟ ಕುಸುಬಿ ಹಿಂಡಿ ಎಣ್ಣೆ ಇಳಿಯುತ್ತದೆ. ದಂಡದ ಪಕ್ಕದಿಂದ ನೀರು ನುಸುಳದಂತೆ ಸಿಲಿಂಡರಿನ ಬಾಯಿಯ ಹತ್ತಿರ ಒಂದು ಚರ್ಮದ ಬಳೆ ಕೂಡಿಸಿ, ಅದರ ಮೇಲೆ ಮುಚ್ಚಳವಿಟ್ಟು ಬೋಲ್ಟು ಬಿಗಿಯುತ್ತಾರೆ. ಆ ಬಳೆಗೆ ಒಂದು ಕಡೆ ಸುತ್ತಲೂ ಕಾಲುವೆಯ ಹಾಗೆ ತೆರೆದ ಬಾಯಿ. ಆ ಬಾಯಿ ಕೆಳಗೆ, ನೀರಿನ ಕಡೆಗೇ ಇರಬೇಕು. ಒತ್ತಿ ಬಂದ ನೀರು ಅದರೊಳಗೆ ಹೊಕ್ಕು, ಚರ್ಮವನ್ನು ಅಗಲಿಸಿ, ದಂಡಕ್ಕೂ ಗೋಡೆಗೂ ಬಿಗಿಯಾಗಿ ಅಂಟಿಸುತ್ತದೆ. ಬಾಯಿ ಮೇಲಾದರೆ ನೀರು ಚರ್ಮವನ್ನು ಸರಿಸಿ ದಾಟಿಹೋಗುತ್ತದೆ; ಆಮೇಲೆ ಬೋಲ್ಟು ಎಷ್ಟು ಬಿಗಿದರೂ ಅಷ್ಟೇ. ಈಗ ಇದನ್ನೆಲ್ಲ ಎಷ್ಟು ಸಲೀಸಾಗಿ ಬರೆಯುತ್ತಿದ್ದೇನೆ ನೋಡಿ —

ಹಳೆಯ ಬಳೆ ಹರಿದುಹೋಗಿತ್ತು. ಅದನ್ನು ಕಿತ್ತು ಅಂಗಳಕ್ಕೆ ಎಸೆದಿದ್ದರು. ನಾನು ಮಾಡಬೇಕಾದದ್ದು ಇಷ್ಟೇ: ಅದನ್ನು ಕೈಗೆತ್ತಿಕೊಂಡು, ತೊಳೆದು, ಯಾವ ಕಡೆ ದಂಡಕ್ಕೆ ಉಜ್ಜಿದ ಗುರುತಿದೆ, ಯಾವ ಕಡೆ ಮುಚ್ಚಳದ ಅಚ್ಚು ಬಿದ್ದಿದೆ ಎಂದು ನೋಡಿ ಬರೆಯಬೇಕಿತ್ತು. ಮುಟ್ಟದ ವಸ್ತುವಿನ ನಕ್ಷೆ ಬರೆಯಬೇಡಿ ಎಂದು ಸೊಲ್ಲಾಪುರದ ಮಾಸ್ತರರು ನೂರು ಸಲ ಹೇಳಿದ್ದರು. ಆದರೆ ಅಲ್ಲಿ ನಾವು ಮುಟ್ಟುತ್ತಿದ್ದದ್ದು ಕಬ್ಬಿಣ, ಹಿತ್ತಾಳೆ. ಇದು ಚರ್ಮ. ಎಮ್ಮೆಯ ಚರ್ಮ, ಹಳೆಯ ಎಣ್ಣೆ ಕುಡಿದು ಕಪ್ಪಾಗಿ ನಾರುತ್ತಿತ್ತು. ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡು, ಮೂರು ಮಾರು ದೂರ ನಿಂತು, ಅದು ನೆಲದ ಮೇಲೆ ಹೇಗೆ ಬಿದ್ದಿತ್ತೋ ಹಾಗೇ ಬರೆದುಕೊಂಡೆ. ಅದು ಬಾಯಿ ಮೇಲಾಗಿ ಬಿದ್ದಿತ್ತು.

ನಮ್ಮ ಮನೆಯಲ್ಲಿ ದಿನವೂ ಶರಣರ ಮಾತು ಓದುತ್ತಿದ್ದರು. ಕಲ್ಯಾಣ ನಮಗೆ ದೂರವೂ ಅಲ್ಲ. ಅಪ್ಪ ವರ್ಷಕ್ಕೊಮ್ಮೆ ಗಾಡಿ ಕಟ್ಟಿ ಕರೆದುಕೊಂಡು ಹೋಗುತ್ತಿದ್ದ. ಕಾಯಕದಲ್ಲಿ ಮೇಲುಕೀಳಿಲ್ಲ ಎಂಬುದನ್ನು ನಾನು ಬಾಯಿಪಾಠ ಹೇಳಬಲ್ಲೆ. ಈಗಲೂ ಹೇಳಬಲ್ಲೆ. ಥೂ.

ಹೊಸ ಬಳೆ ಮಾಡಲು ಕಲ್ಲಪ್ಪನನ್ನು ಕರೆಸಿದರು. ಊರ ಅಂಚಿನಲ್ಲಿ ಚರ್ಮ ಹದಮಾಡುವ ಮನೆ ಅವನದು. ಸುತ್ತಿನ ಹಳ್ಳಿಗಳ ಬಾವಿಗಳಿಗೆಲ್ಲ ನೀರೆತ್ತುವ ಚರ್ಮದ ಮೋಟ್ ಹೊಲಿದುಕೊಡುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನಾನು ಅವನನ್ನು ಕರೆಯುತ್ತಿದ್ದದ್ದು ಕಲ್ಲ್ಯಾ ಎಂದು. ಅವನ ಹಣೆಯ ಮೇಲೆ ವಿಭೂತಿ ಇತ್ತು, ಕೊರಳಲ್ಲಿ ಲಿಂಗವಿತ್ತು. ಅದನ್ನೂ ನೋಡಿದ್ದೆ, ನೋಡಿಯೂ ಕಲ್ಲ್ಯಾ ಎಂದೇ ಕರೆದೆ.

ಅವನು ಚರ್ಮವನ್ನು ನೆನೆಸಿ, ಕಟ್ಟಿಗೆಯ ಅಚ್ಚಿಗೆ ಒತ್ತಿ, ಒಣಗಿಸಿ, ಎಂಟು ದಿನಕ್ಕೆ ತಂದ. ಕೂಡಿಸುವ ಹೊತ್ತಿಗೆ ಫಿಟ್ಟರು, ‘ಅದಕ್ಕ ನಾ ಕೈ ಹಚ್ಚಂಗಿಲ್ಲ, ಕೂಡಿಸಿದ ಮ್ಯಾಲ ಕರೀರಿ’ ಎಂದು ಇಂಜಿನ್ನಿನ ಕಡೆ ಹೋಗಿ ಕೂತ. ಹಾಗಾಗಿ ಪ್ರೆಸ್ಸಿನ ಹತ್ತಿರ ಉಳಿದವರು ನಾವಿಬ್ಬರೇ. ಕಲ್ಲಪ್ಪ ನೆಲದ ಮೇಲೆ ಹಾಸಿದ ನಕ್ಷೆಯನ್ನು ಬಹಳ ಹೊತ್ತು ನೋಡಿದ.

‘ಸಾವಕಾರ್ರ, ಇದರ ಬಾಯಿ ತೆಳಗ ಇರಬೇಕ್ರಿ,’ ಅಂದ. ‘ತೊಗಲ ಯಾವತ್ತೂ ನೀರಿನ ಕಡಿ ಬಾಯಿ ಮಾಡಬೇಕು. ಇಲ್ಲಾಂದ್ರ ತಡಿಯಂಗಿಲ್ಲ.’

‘ನಕ್ಷಾದಾಗ ಇದ್ದಂಗ ಕೂಡಸು. ನಿನಗ್ಯಾರು ಕೇಳ್ಯಾರ?’

ಅವನು ಕೂಡಿಸಿದ. ಮುಚ್ಚಳ ಇಟ್ಟು ಐದು ಸೂತಿನ, ಬೆರಳು ದಪ್ಪದ ಬೋಲ್ಟುಗಳನ್ನು ಸುತ್ತಲೂ ಬಿಗಿದ. ಇಂಜಿನ್ ಹಚ್ಚಿದರು, ಪಂಪು ನಡೆಯಿತು — ದಂಡ ಗೇಣುದ್ದ ಎದ್ದಿತೋ ಇಲ್ಲವೋ, ಮುಚ್ಚಳದ ಸುತ್ತ ನೀರು ಚಿಮ್ಮತೊಡಗಿತು. ಬಿಗಿ ಎಂದೆ. ಅವನು ಬೋಲ್ಟಿಗೆ ಪಾನಾ ಹಾಕಿ, ಅದರ ಉದ್ದ ಹಿಡಿಕೆ ಜಗ್ಗಿ ಬಿಗಿದ. ನೀರು ನಿಲ್ಲಲಿಲ್ಲ. ಇನ್ನೂ ಬಿಗಿ ಎಂದೆ. ‘ಬೋಲ್ಟಿಗಿ ಭಾಳ ಆಗ್ಯಾದ್ರಿ’ ಎಂದ. ಆಗಲೇ ನಿಲ್ಲಿಸಬಹುದಿತ್ತು. ನಿಲ್ಲಿಸಿ ಒಂದು ಸಲ ಬಿಚ್ಚಿ ನೋಡಬಹುದಿತ್ತು… ಆದರೆ ನೋಡಿದರೆ ಅವನ ಮಾತು ನಿಜವಾಗುತ್ತದೆಂಬ ಅಂಜಿಕೆ ನನಗಾಗಲೇ ಹತ್ತಿತ್ತು. ‘ಇನ್ನೊಂದು ಸುತ್ತ’ ಎಂದೆ. ಬೋಲ್ಟು ಫಟ್ಟನೆ ತುಂಡಾಯಿತು. ಎರಡೂ ಕೈಯಿಂದ ಜಗ್ಗುತ್ತಿದ್ದ ಪಾನಾ ಹಿಡಿತ ತಪ್ಪಿ, ಅವನ ಬಲಗೈ ಪಾನಾಕ್ಕೂ ಪ್ರೆಸ್ಸಿನ ಕಂಬಕ್ಕೂ ನಡುವೆ ಸಿಕ್ಕಿತು. ತೋರುಬೆರಳು, ನಡುಬೆರಳು.

ಅವನನ್ನು ಗಾಡಿಯಲ್ಲಿ ಹಾಕಿ ಡಾಕ್ಟರ ಕಡೆ ಒಯ್ದರು. ನಾನು ಜೊತೆಗೆ ಹೋಗಲಿಲ್ಲ. ಫಿಟ್ಟರನಿಂದ ಮುಚ್ಚಳ ಬಿಚ್ಚಿಸಿ ಒಳಗೆ ನೋಡಿದೆ. ಒಂದು ನೋಟಕ್ಕೇ ತಿಳಿಯಿತು. ‘ಬಾಯಿ ಮ್ಯಾಲ ಮಾಡಿ ಕೂಡಿಸ್ಯಾನಲ್ರಿ ಅಂವಾ’ ಎಂದ ಫಿಟ್ಟರು. ನಾನು ಹೂಂ ಎಂದೆ. ಆ ಹೂಂ ಎನ್ನುವುದು ಎಷ್ಟು ಹಗುರವಾಗಿತ್ತು! ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಗಡ್ಡ ಹೆರೆಯುವ ಬ್ಲೇಡು ತೆಗೆದೆ. ನಕ್ಷೆ ಮೇಣದಂಥ ನುಣುಪು ಬಟ್ಟೆಯ ಮೇಲಿತ್ತು. ಮಸಿಯನ್ನು ಮೆಲ್ಲಗೆ ಕೆರೆದರೆ ಹೋಗುತ್ತದೆ. ಬಳೆಯ ಬಾಯಿಯನ್ನು ಕೆರೆದು ಕೆಳಮುಖವಾಗಿ ಬರೆದೆ. ಅಷ್ಟು ಚಂದದ ಗೆರೆಯನ್ನು ಸೊಲ್ಲಾಪುರದಲ್ಲೂ ನಾನು ಎಳೆದಿರಲಿಲ್ಲ.

ನಾಲ್ಕು ದಿನದ ಮೇಲೆ ಮಾವ ಎಲ್ಲರನ್ನೂ ಅಂಗಳಕ್ಕೆ ಕರೆಸಿದರು. ಕಲ್ಲಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ಬಂದು ದೂರ ನಿಂತ.

‘ನಕ್ಷಾದಾಗ ಇದ್ದಂಗೇ ಕೂಡಿಸೀನ್ರಿ,’ ಅಂದ. ‘ತಗದು ನೋಡ್ರಿ.’

ನಾನು ನಕ್ಷೆ ತಂದು ಮಾವನಿಗೆ ಬಿಚ್ಚಿ ತೋರಿಸಿದೆ. ‘ನಕ್ಷಾ ಸರಿ ಅದ ಮಾಮಾ. ಅಂವಾನೇ ಉಲ್ಟಾ ಕೂಡಿಸ್ಯಾನ.’

ಕಲ್ಲಪ್ಪ ತಾನೂ ನೋಡಬೇಕೆಂದ. ಕೈಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟು ಹಿಂದೆ ಸರಿದೆ. ಅವನು ಕುಕ್ಕರಗಾಲಿನಲ್ಲಿ ಕೂತು ಮೊದಲು ಕಣ್ಣಿನಿಂದ ನೋಡಿದ, ಆಮೇಲೆ ಎಡಗೈ ಹೆಬ್ಬೆರಳನ್ನು ಆ ಜಾಗದ ಮೇಲೆ ಮೆಲ್ಲಗೆ ಆಡಿಸಿದ.

‘ಇಲ್ಲಿ ಕೆರದಾರ್ರಿ,’ ಅಂದ. ‘ನನ್ನ ಜಲ್ಮೆಲ್ಲಾ ತೊಗಲ ಕೆರಿಯೂದ್ರಾಗ ಹೋಗ್ಯಾದ. ಕೆರದ ಜಾಗ ಕೈಗಿ ತಿಳೀತದ. ಸಾವಕಾರ್ರ, ನೀವು ಒಮ್ಮಿ ಮುಟ್ಟಿ ನೋಡ್ರಿ.’

ಎದ್ದು ನಕ್ಷೆಯನ್ನು ಮಾವನ ಕಡೆ ಚಾಚಿದ. ಮಾವ ಎರಡು ಹೆಜ್ಜೆ ಹಿಂದೆ ಸರಿದು, ‘ತೆಳಗ ಇಡು’ ಎಂದರು. ಅವನು ಫಿಟ್ಟರನ ಕಡೆ ಚಾಚಿದ. ಫಿಟ್ಟರು ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅಂಗಳದಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ಅವನು ಮುಟ್ಟಿದ ಮೇಲೆ ಅದನ್ನು ಮುಟ್ಟಲು ಒಬ್ಬನೂ ಮುಂದೆ ಬರಲಿಲ್ಲ. ಒಬ್ಬನ ಬೆರಳು ಅಲ್ಲಿ ಆಡಿದ್ದರೂ ನನ್ನ ಸುಳ್ಳು ಅಲ್ಲೇ ಮುಗಿಯುತ್ತಿತ್ತು. ನನ್ನನ್ನು ಉಳಿಸಿದ್ದು ನನ್ನ ಜಾಣತನವಲ್ಲ, ನಮ್ಮೆಲ್ಲರ ಮಡಿ. ಕಲ್ಲಪ್ಪ ನಕ್ಷೆಯನ್ನು ನೆಲದ ಮೇಲಿಟ್ಟು, ನನ್ನ ಮುಖ ನೋಡಿ, ಹೋದ. ಮಾವ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳೆಂದರು. ಚಿಮುಕಿಸಿ ಎತ್ತಿಕೊಂಡೆ. ಆ ಬಟ್ಟೆಗೆ ನೀರು ಆಗಿಬರುವುದಿಲ್ಲ. ಹನಿ ಬಿದ್ದಲ್ಲೆಲ್ಲ ಬಿಳಿ ಕಲೆ ಈಗಲೂ ಇದೆ.

ಅವನಿಗೆ ಮಿಲ್ಲಿನ ಬಾಗಿಲು ಮುಚ್ಚಿತು. ಕೆಲಸ ತಿಳಿಯದೆ ಯಂತ್ರ ಮುರಿದ ಎಂಬ ಮಾತು ಸಂತೆಯಿಂದ ಸಂತೆಗೆ ಹೋಯಿತು, ಮೋಟ್ ಹೊಲಿಸುವವರೂ ಕಡಿಮೆಯಾದರು. ಬಂದರೂ ಆ ಎರಡು ಬೆರಳಿಲ್ಲದೆ ಆರಿ ಹಿಡಿದು ಚರ್ಮ ಚುಚ್ಚುವುದು ಹೇಗೆ? ಹದಮಾಡುವ ಗುಂಡಿ ಮುಚ್ಚಿ, ಹೆಂಡತಿಯನ್ನು ಕರೆದುಕೊಂಡು ಉದಗೀರಿಗೆ ಹೋಗಿ, ಒಂದು ತೊಗಲಿನ ಗೋದಾಮಿಗೆ ಕಾವಲು ನಿಂತ. ನನಗೆ? ಅದೇ ನಕ್ಷೆ ತೋರಿಸಿ ಉಮರ್ಗಾದ ಒಂದು ಕಚೇರಿಯಲ್ಲಿ ನಕ್ಷೆಗಾರನ ಕೆಲಸ ಸಿಕ್ಕಿತು.

ಹೋದ ತಿಂಗಳು ಉದಗೀರಿಗೆ ಹೋಗಿದ್ದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ, ನಕ್ಷೆ ಚೀಲದಲ್ಲಿತ್ತು. ಕಲ್ಲಪ್ಪ ಗೋದಾಮಿನ ಪಕ್ಕದ ಕೋಣೆಯ ಮುಂದೆ ಕೂತಿದ್ದ. ನನ್ನ ಗುರುತು ಹಿಡಿದ. ‘ಬರ್ರಿ’ ಅಂದ, ಅಷ್ಟೇ. ಅವನ ಹೆಂಡತಿ ಹೊಳೆಯುವ ಹಾಗೆ ತಿಕ್ಕಿದ ಹಿತ್ತಾಳೆ ಲೋಟದಲ್ಲಿ ನೀರು ತಂದಿಟ್ಟಳು. ಗೋದಾಮಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಎಂಟು ವರ್ಷ ಪಶ್ಚಾತ್ತಾಪ ಎಂದು ನಾನು ಕರೆದುಕೊಂಡಿದ್ದೆನಲ್ಲ, ಅದನ್ನೆಲ್ಲ ಹೊತ್ತುಕೊಂಡು ಬಂದವನು ಲೋಟಕ್ಕೆ ಕೈ ಚಾಚಲಿಲ್ಲ. ‘ಇವತ್ತ ಸೋಮವಾರ, ನನ್ನದು ಉಪವಾಸ’ ಎಂದೆ.

ಅವನು ಸಣ್ಣಗೆ ನಕ್ಕ. ‘ನಾವೂ ಸೋಮವಾರ ಹಿಡಿತೀವ್ರಿ. ಉಪವಾಸಕ್ಕ ನೀರು ನಡೀತದ.’

ನಾನು ಎದ್ದು ಬಂದೆ. ಚೀಲ ಬಿಚ್ಚಲೇ ಇಲ್ಲ. ಬಸ್ಸಿನಲ್ಲಿ ಕೂತಾಗ ಗೋದಾಮಿನ ವಾಸನೆ ನೆನಪಾಗಲಿಲ್ಲ. ನನ್ನ ಮೈಯೇ ನಾರುತ್ತಿದೆ ಅನಿಸಿತು. ಬೆರಳು ಕಳೆದದ್ದು ಹಳೆಯ ಪಾಪ, ಆಗ ಹುಡುಗುಬುದ್ಧಿ ಎನ್ನಬಹುದಿತ್ತೇನೋ. ಈ ಲೋಟಕ್ಕೆ ಏನೆನ್ನಲಿ? ಮೂರು ಮಾರು ದೂರ ನಿಂತು ಮೂಗು ಮುಚ್ಚಿಕೊಂಡಿದ್ದವನು ಇನ್ನೂ ಅಲ್ಲೇ ನಿಂತಿದ್ದಾನೆ.

ಇಂದು ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಮೊದಲ ಸಲ ಆ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿದೆ. ಒರಟಾಗಿದೆ. ಯಾರಿಗೂ ತಿಳಿಯುವಷ್ಟು ಒರಟಾಗಿದೆ. ಇದನ್ನು ನಿಲಂಗಾಕ್ಕೆ ಒಯ್ದು ಅದೇ ಅಂಗಳದಲ್ಲಿ ಮಾವನ ಬೆರಳನ್ನು ಇದರ ಮೇಲೆ ಇಡಿಸುತ್ತೇನೆ, ಫಿಟ್ಟರನ ಬೆರಳನ್ನೂ. ಆದರೆ ಅದಕ್ಕೂ ಮೊದಲು ಉದಗೀರು. ಕಲ್ಲಪ್ಪ ಕ್ಷಮಿಸಲಿ ಎಂದು ಕೇಳಲು ಹೋಗುತ್ತಿಲ್ಲ, ಕೇಳುವ ಮುಖವಿಲ್ಲ. ಅವರ ಮನೆಯ ಮುಂದೆ ಕೂತು ನೀರು ಕೊಡಿರಿ ಎಂದು ಕೇಳುತ್ತೇನೆ. ಕೊಟ್ಟರೆ ಕುಡಿದು, ಆಮೇಲೆ ಚೀಲ ಬಿಚ್ಚುತ್ತೇನೆ. ಕೊಡದಿದ್ದರೆ, ಬಾಯಾರಿಕೊಂಡೇ ಹೇಳುತ್ತೇನೆ.