ಬನ್ನಿನ ವಾಸನೆಯ ವ್ಯಾನು

ಬೇಕರಿಯ ಮುಂದೆ ಹಾದುಹೋದರೆ ಎಲ್ಲರಿಗೂ ಹಸಿವಾಗುತ್ತದೆ, ನನಗೆ ನಿದ್ದೆ ಬರುತ್ತದೆ. ಯಾರಿಗಾದರೂ ಹೇಳಿದರೆ ಡಾಕ್ಟರಿಗೆ ತೋರಿಸು ಅನ್ನುತ್ತಾರೆ. ನೀವು ಹಾಗನ್ನುವವರಲ್ಲ ಎಂದು ನಂಬಿ ಹೇಳುತ್ತಿದ್ದೇನೆ. ಇವತ್ತು ಬೆಳಿಗ್ಗೆಯೂ ಕಡೂರಿನ ಬೇಕರಿಯಲ್ಲಿ, ಆಗತಾನೆ ಒಲೆಯಿಂದ ಇಳಿದ ಬನ್ನಿನ ತಟ್ಟೆಯ ಎದುರು ನಿಂತು ಬಾಯಿ ತುಂಬ ಆಕಳಿಸಿದೆ. ಅಂಗಡಿಯವನು ಪಾಪ, ಬನ್ನು ಹಳೆಯದೆಂದು ನನಗೆ ಅನುಮಾನ ಬಂತೇನೋ ಅಂದುಕೊಂಡು ಒಂದನ್ನು ಮುರಿದು ತೋರಿಸಿದ. ಬನ್ನು ತರಲು ಕಳಿಸಿದವಳು ಅಮ್ಮ. ಯಾಕೆ ಎಂದು ಹೇಳಬೇಕಾದರೆ ಅಪ್ಪನ ವ್ಯಾನಿನಿಂದಲೇ ಶುರುಮಾಡಬೇಕು.

ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ರಿಟೈರಾದ ಮೇಲೆ ಜೊತೆಯವರೆಲ್ಲ ಸೈಟು, ಬೋರ್‌ವೆಲ್ಲು ಅಂತ ಓಡಾಡುತ್ತಿದ್ದರೆ ಇವನು ಯಾವುದೋ ಬೇಕರಿಯ ಹಳೆಯ ವ್ಯಾನೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದ. ಊರೂರಿಗೆ ಬನ್ನು ಬ್ರೆಡ್ಡು ಹೊತ್ತು ಸುಸ್ತಾಗಿದ್ದ ಗಾಡಿ ಅದು. ಅದರೊಳಗೆ ಮಂಚ, ಮಡಚುವ ಮೇಜು, ಪಾತ್ರೆಗೆ ಗೂಡು, ಪಕ್ಕಕ್ಕೊಂದು ಕಿಟಕಿ, ಎಲ್ಲವನ್ನೂ ಮೊದಲು ಬಣ್ಣದ ಪೆನ್ಸಿಲಿನಲ್ಲಿ ಬರೆದು ಆಮೇಲೆ ಗರಗಸ ಹಿಡಿದ. ಅಮ್ಮ ಹಳೆಯ ಸೀರೆ ಹರಿದು ಪರದೆ ಹೊಲಿದುಕೊಟ್ಟಳು. ಎಷ್ಟು ತೊಳೆದರೂ ಬನ್ನಿನ ವಾಸನೆ ಮಾತ್ರ ಹೋಗಲಿಲ್ಲ. ಊದುಬತ್ತಿ ಹಚ್ಚಿ ನೋಡಿದೆವು, ದೇವರ ಮನೆಯಲ್ಲಿ ಬನ್ನು ಬೇಯಿಸಿದ ಹಾಗಾಯಿತು.

ಅಪ್ಪನದು ಸಾವಧಾನದ ಕೈ. ಕೆಲಸ ಮುಗಿಯುವ ಹೊತ್ತಿಗೆ ಗಾಡಿಯ ಆಯಸ್ಸೇ ಮುಗಿಯುತ್ತ ಬಂದಿತ್ತು. ಆ ತಿಂಗಳು ಕಳೆದರೆ ಎಫ್‌ಸಿ ಇಲ್ಲ, ರಸ್ತೆಗೆ ಇಳಿಸುವಂತಿಲ್ಲ. ಗುಜರಿಯವನು ಆಗಲೇ ಬಂದು ಟೈರು ಒದ್ದು ನೋಡಿ ಹೋಗಿದ್ದ. ಅಪ್ಪ ಹೇಳಿದ್ದು ಒಂದೇ ಮಾತು: "ಒಂದು ರಾತ್ರಿ ಇದರಲ್ಲಿ ಮಲಗ್ಬೇಕು ಕಣೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ಕೆರೆ ಕಾಣ್ಬೇಕು. ಅಲ್ಲೇ ಕೂತು ಒಂದು ಲೋಟ ಕಾಫಿ ಕುಡಿದ್ಬಿಟ್ರೆ ಆಯ್ತು, ಆಮೇಲೆ ಯಾರಾದ್ರೂ ತಗೊಂಡು ಹೋಗ್ಲಿ."

ನಾನು ಕೆಲಸಕ್ಕೆ ರಜೆ ಹಾಕಿ ಹೊರಟೆ. ಮೊಬೈಲಿನಲ್ಲಿ ಕ್ಯಾಂಪಿಂಗ್ ವಿಡಿಯೋಗಳನ್ನು ನೋಡಿ ಪಂಡಿತೆಯಾಗಿದ್ದೆ. ತಲೆಗೆ ಕಟ್ಟುವ ಟಾರ್ಚು, ದಿಕ್ಸೂಚಿ, ಹಾವು ಓಡಿಸುವ ಪುಡಿ ಎಲ್ಲ ತಂದಿದ್ದೆ. ಕಡೂರು ತಾಲ್ಲೂಕಿನಲ್ಲಿ ದಿಕ್ಸೂಚಿ ಯಾಕೆ ಎಂದು ಅಮ್ಮ ಕೇಳಿದಾಗ ಅದನ್ನು ಚೀಲದ ತಳಕ್ಕೆ ತುರುಕಿದೆ. ಅವಳು ತಂದದ್ದು ಉಪ್ಪಿನಕಾಯಿ ಮತ್ತು ತನ್ನ ನೆನಪಿನ ಶಕ್ತಿ. ಅಪಾಯವಿದ್ದದ್ದು ಹಾವಿನಿಂದಲ್ಲ, ಆ ನೆನಪಿನಿಂದ ಎಂದು ನಮಗೆ ಆಗ ಗೊತ್ತಿರಲಿಲ್ಲ.

ಹೆದ್ದಾರಿ ಹಿಡಿಯಬಾರದು ಎಂಬುದು ಅಪ್ಪನ ನಿಯಮ. ಹೊಲದ ನಡುವಿನ ಸಣ್ಣ ದಾರಿಗಳಲ್ಲಿ ಕುಲುಕಿಕೊಂಡು ಹಿರೇನಲ್ಲೂರಿನ ಆಚೆ, ರಾಗಿ ಕೊಯ್ದ ಹೊಲದ ಪಕ್ಕ ಸಂಜೆಗೆ ನಿಲ್ಲಿಸಿದೆವು. ಅಪ್ಪ ಮಂಚಕ್ಕೆ ಹೊಸ ದುಪ್ಪಟಿ ಹಾಸಿ, ಸುಕ್ಕು ತೆಗೆದು, ದೂರ ನಿಂತು ನೋಡಿದ. ಅಷ್ಟರಲ್ಲಿ ಬೈಕಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡ ಒಬ್ಬ ಬಂದ.

"ಗಾಡಿ ಕೆಟ್ಟೋಯ್ತಾ ಯಜಮಾನ್ರೇ?"

"ಇಲ್ಲಪ್ಪ, ಇವತ್ತು ಇಲ್ಲೇ ಮಲಗ್ತೀವಿ."

ಅವನು ವ್ಯಾನನ್ನೂ ನಮ್ಮನ್ನೂ ನೋಡಿ, ದನಿ ತಗ್ಗಿಸಿ ಕೇಳಿದ: "ಯಾಕೆ, ಮನೇಲಿ ಏನಾದ್ರೂ ಮಾತು ಬಂತಾ?"

ಅಪ್ಪ ಅವನನ್ನು ಸಾಗಹಾಕಿಬಿಡುತ್ತಿದ್ದ. ಆದರೆ ಅಮ್ಮ ಕೆಳಗಿಳಿದು, "ನಿಮ್ಮದು ಯಾರ ಮನೆ?" ಅಂದಳು. ಅವನು ಹೇಳಿದ. ಅವಳು ಇನ್ನೊಂದು ಪ್ರಶ್ನೆ ಹಾಕಿದಳು. ಅವನ ಹೆಂಡತಿ ನನ್ನ ಸೋದರಮಾವನ ನಾದಿನಿಯ ಮಗಳು ಎಂದು ಹುಲ್ಲಿನ ಹೊರೆ ಇಳಿಸುವ ಮೊದಲೇ ಇತ್ಯರ್ಥವಾಯಿತು. ಅಮ್ಮನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ನಮ್ಮ ಕಡೆ ಪರಸ್ಥಳದವರು ಬಯಲಲ್ಲಿ ಮಲಗಿದರೆ ಅವರಿಷ್ಟ. ನೆಂಟರು ಮಲಗಿದರೆ ಊರಿನ ಮಾನ ಹೋಗುತ್ತದೆ. "ನೀವು ಇಲ್ಲಿ ಮಲಗಿದ್ರೆ ನಾಳೆ ನಾನು ಊರಲ್ಲಿ ತಲೆಯೆತ್ತಿ ತಿರುಗೋದ್ ಬ್ಯಾಡವಾ?" ಎಂದ ಆತ. ಬಿಸಿ ಮುದ್ದೆ, ಅವರೆಕಾಳಿನ ಸಾರು ಉಂಡು ಅವರ ಮನೆಯ ಫ್ಯಾನಿನ ಕೆಳಗೆ ಮಲಗಿದೆವು. ವ್ಯಾನು ಅವರ ಅಂಗಳದಲ್ಲಿ ಒಂಟಿಯಾಗಿ ನಿಂತಿತ್ತು.

ಮಾರನೆಯ ದಿನ ಅಂತರಘಟ್ಟಮ್ಮನಿಗೆ ಕೈಮುಗಿದು, ಅಪ್ಪ ಬಹಳ ಹುಷಾರಾಗಿ ಊರಿನಿಂದ ಆಚೆ, ಜಾಲಿ ಮರಗಳ ಮರೆಗೆ ಗಾಡಿ ಹೊಕ್ಕಿಸಿದ. ಆದರೂ ಆಡು ಹೊಡೆದುಕೊಂಡು ಹೋಗುತ್ತಿದ್ದ ಅಜ್ಜನೊಬ್ಬ ಸಿಕ್ಕಿದ, ಅಮ್ಮನಿಗೆ ಅವನ ಸೊಸೆಯ ಕಡೆಯಿಂದ ನೆಂಟಸ್ತನ ಸಿಕ್ಕಿತು, ನಮಗೆ ಅವರ ಮನೆಯಲ್ಲಿ ಹೊಸ ಕಂಬಳಿ ಸಿಕ್ಕಿತು. ಕೋಳಿ ಕೊಯ್ಯುತ್ತೇವೆ ಎಂದವರನ್ನು ತಡೆಯುವುದರಲ್ಲಿ ನಾನು ಬೆವೆತುಹೋದೆ.

ಬೆಳಿಗ್ಗೆ ಹೊರಡುವ ಮುಂಚೆ ಅಪ್ಪ ವ್ಯಾನು ಹತ್ತಿದ. ಯಾರೂ ಮಲಗದ ಮಂಚದ ದುಪ್ಪಟಿಯನ್ನು ತೆಗೆದು, ಕೊಡವಿ, ಮತ್ತೆ ಹಾಸಿ, ಅಂಗೈಯಲ್ಲಿ ಸುಕ್ಕು ಸವರಿದ. ಅವನು ಗೊಣಗಲಿಲ್ಲ. ಗೊಣಗಿದ್ದರೆ ಅಮ್ಮ ಜಗಳವಾಡಿ ಗೆಲ್ಲುತ್ತಿದ್ದಳು. ಅವಳು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಆವತ್ತು ದಾರಿಯಲ್ಲಿ ಸಿಕ್ಕ ಯಾರನ್ನೂ ಯಾರ ಮನೆ ಎಂದು ಕೇಳಲಿಲ್ಲ. ರಜೆಯಲ್ಲಿ ಉಳಿದದ್ದು ಅದೊಂದೇ ರಾತ್ರಿ.

ಬುಕ್ಕಾಂಬುಧಿಯ ಕೆರೆ ಕಂಡಾಗ ಅಪ್ಪ ಕೇಳದೆಯೇ ಗಾಡಿ ನಿಲ್ಲಿಸಿದ. ಅಷ್ಟು ದೊಡ್ಡ ನೀರು, ಅದರ ಮೇಲೆ ಇಳಿಬಿಸಿಲು. ನಾವು ಒಲೆ ಹಚ್ಚುವಷ್ಟರಲ್ಲಿ ಏರಿಯ ಮೇಲಿಂದ ಒಬ್ಬ ಹೆಂಗಸು ಬಂದಳು. ಅಮ್ಮನ ವಯಸ್ಸಿನವಳೇ, ಸೊಂಟದ ಮೇಲೆ ಒಗೆದ ಬಟ್ಟೆಯ ಬುಟ್ಟಿ. ಅಪ್ಪ ದುಪ್ಪಟಿ ಹಾಸುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದ.

"ಯಾವೂರವ್ವ? ಯಾರ ಪೈಕಿ?" ಎಂದಳು ಅವಳು.

ಅಮ್ಮ ಅವಳ ಮುಖವನ್ನೇ ನೋಡಿದಳು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ಹೇಳಿದಳು: "ನಾವು ಬಲು ದೂರದೋರು ಕಣವ್ವ. ಈ ಕಡೆ ನಮಗ್ಯಾರೂ ಇಲ್ಲ."

"ಹಂಗಾದ್ರೆ ಸರಿ. ಹುಷಾರಾಗಿ ಮಲಗ್ರಿ."

ಆ ರಾತ್ರಿ ಬನ್ನಿನ ವಾಸನೆಯೊಳಗೆ ಮೂವರೂ ಒತ್ತಾಗಿ ಮಲಗಿದೆವು. ಅಂಥ ನಿದ್ದೆ ನನಗೆ ಆಮೇಲೆ ಬಂದಿಲ್ಲ. ಬೆಳಿಗ್ಗೆ ಅಪ್ಪ ಬಾಗಿಲು ತೆಗೆದ, ಕೆರೆ ಕಂಡಿತು. ಕಾಲು ಇಳಿಬಿಟ್ಟು ಕೂತು ಕಾಫಿ ಕುಡಿದ. ಲೋಟ ಬರಿದಾದ ಮೇಲೂ ಅದನ್ನು ಹಿಡಿದೇ ಕೂತಿದ್ದ. ಆ ಹೆಂಗಸು ಚೊಂಬಿನಲ್ಲಿ ಮಜ್ಜಿಗೆ ತಂದು ಕೊಟ್ಟು, ವ್ಯಾನಿನೊಳಗೆ ಇಣುಕಿ ಮೂಗರಳಿಸಿದಳು. ಬರೀ ವಾಸನೆ, ಬನ್ನಿಲ್ಲ ಎಂದು ಅಮ್ಮ ಒಪ್ಪಿಕೊಂಡಳು. "ವಾಸ್ನೆ ತೋರ್ಸಿ ಬನ್ನು ಕೊಡ್ದೆ ಹೋಗೋರು ನೀವೇ ಮೊದಲು ಬುಡವ್ವ" ಎಂದು ಅವಳು ನಕ್ಕಳು. ಅಮ್ಮ ನಗಲಿಲ್ಲ.

ಮುಂದಿನ ವಾರ ವ್ಯಾನು ಗುಜರಿಗೆ ಹೋಯಿತು. ಇದೆಲ್ಲ ಆಗಿ ಕೆಲವು ವರ್ಷಗಳೇ ಕಳೆದಿವೆ.

ನಿನ್ನೆ ಅಡುಗೆಮನೆಯಲ್ಲಿ ಅಮ್ಮ ಇದ್ದಕ್ಕಿದ್ದಂತೆ ಹೇಳಿದಳು: "ಆವತ್ತು ಕೆರೆ ಹತ್ರ ಬಂದೋಳು ನಮ್ಮ ಚಿಕ್ಕಮ್ಮನ ಮಗಳು ಕಣೆ. ಚಿಕ್ಕಂದಿನಲ್ಲಿ ಒಂದೇ ತಟ್ಟೇಲಿ ಉಂಡೋರು ನಾವು. ಅವಳಿಗೆ ನನ್ನ ಗುರ್ತು ಸಿಗಲಿಲ್ಲ. ನಂಗೆ ನೋಡಿದ್ಕೂಡ್ಲೇ ಸಿಕ್ತು, ಥೇಟ್ ಚಿಕ್ಕಮ್ಮನ ಮುಖ." ಮುಂದಿನ ತಿಂಗಳು ನೆಂಟರ ಮದುವೆ, ಅಲ್ಲಿ ಎದುರಾಗುವುದು ತಪ್ಪುವುದಿಲ್ಲ. "ಅದಕ್ಕೂ ಮೊದಲೇ ಮನೆಗೆ ಹೋಗಿ ಬೈಸ್ಕೊಂಡು ಬತ್ತೀನಿ. ಬರೀ ಕೈಲಿ ಹೋಗೋಕಾಗಲ್ಲ, ಬನ್ನು ತಗೊಂಡು ಬಾ." ಯಾರನ್ನು ಕಂಡರೂ ನೆಂಟಸ್ತನ ಹುಡುಕುವವಳು, ಎದುರಿಗೇ ಬಂದು ನಿಂತ ತಂಗಿಯನ್ನು ಹೇಗೆ ಯಾರೂ ಅಲ್ಲ ಅಂದಳೋ. ನನಗೆ ಕಣ್ಣು ತುಂಬಿ ಬಂತು, ತಪ್ಪನ್ನು ಹೆಚ್ಚುತ್ತಿದ್ದ ಈರುಳ್ಳಿಯ ಮೇಲೆ ಹಾಕಿದೆ.

ಇವತ್ತು ಬೇಕರಿಯಿಂದ ಬನ್ನಿನ ಪೊಟ್ಟಣ ಹಿಡಿದು ಕಾರಿಗೆ ಬಂದೆ. ಅಪ್ಪ ಮುಂದಿನ ಸೀಟಿನಲ್ಲಿದ್ದ. ವಾಸನೆಗೆ ಕಣ್ಣು ಮುಚ್ಚಿ, "ನಮ್ಮ ವ್ಯಾನು" ಎಂದ. ಆಮೇಲೆ ಕೇಳಿದ: "ಬುಕ್ಕಾಂಬುಧೀಲಿ ನಮಗ್ಯಾರಿದ್ದಾರೆ?"

"ಅಮ್ಮನ ತಂಗಿ ಇದ್ದಾರಂತೆ. ಆವತ್ತು ಮಜ್ಜಿಗೆ ತಂದ್ಕೊಟ್ರಲ್ಲ, ಅವರೇ."

ಅಪ್ಪ ಹಿಂದಕ್ಕೆ ತಿರುಗಿ ನೋಡಿದ. ಹಿಂದಿನ ಸೀಟಿನಲ್ಲಿ ಅಮ್ಮ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ್ದಳು.

"ಇಷ್ಟೇ ಸಾಲಲ್ಲ ಕಣೆ," ಎಂದು ಅಪ್ಪ ಬಾಗಿಲು ತೆಗೆದು ಇಳಿದ. "ತಡಿ, ನಾನೇ ಹೋಗಿ ತತ್ತೀನಿ."