ನೆಲಮಾಳಿಗೆಯ ಬಿರುಕು

ದೆಹಲಿಯ ಗುತ್ತಿಗೆದಾರರ ನಡುವೆ ದಿಲೀಪನಿಗೆ 'ಇತ್ವಾರ್‌ವಾಲಾ' ಎಂಬ ಅಡ್ಡಹೆಸರಿತ್ತು. ಭಾನುವಾರ ಕೆಲಸಕ್ಕೆ ಬಾರದವನು ಎಂದು ಅದರ ಅರ್ಥ. ಗದಗ-ಬೆಟಗೇರಿಯಿಂದ ಬಂದ ಹೊಸತರಲ್ಲಿ ಅವನು ಕಟ್ಟಡಗಳಿಗೆ ಪೈಪು ಜೋಡಿಸುವ ಕೆಲಸ ಮಾಡುತ್ತಿದ್ದ. ಡಬಲ್ ಕೂಲಿ ಕೊಡ್ತೀವಿ ಅಂದರೂ ಭಾನುವಾರ ಬರುತ್ತಿರಲಿಲ್ಲ. ಸೋರುವ ಜಾಗಕ್ಕೆ ಸಿಮೆಂಟು ಮೆತ್ತಿ ಮುಚ್ಚು ಅಂದರೆ ಅದಕ್ಕೂ ಒಪ್ಪುತ್ತಿರಲಿಲ್ಲ. "ನಾನು ದೇವರಿಗೆ ಲೆಕ್ಕ ಕೊಡಬೇಕು ಸಾಹೇಬ್ರೇ" ಎಂದು ನಕ್ಕು ಪೈಪನ್ನು ಬಿಚ್ಚಿ ಹೊಸದಾಗಿ ಕೂರಿಸುತ್ತಿದ್ದ. ಅವರು ಬೈಯುತ್ತಿದ್ದರು, ಆದರೆ ಮುಂದಿನ ಕೆಲಸಕ್ಕೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆಗ ಅವನೂ ಹೆಂಡತಿ ಕರುಣಾಳೂ ಮಗಳು ತನ್ವಿಯೂ ಕೋಟ್ಲಾ ಮುಬಾರಕ್‌ಪುರದ ಒಂದೇ ಕೋಣೆಯಲ್ಲಿದ್ದರು. ಭಾನುವಾರ ಸಂಜೆ ಮೂವರೂ ನಡೆದುಕೊಂಡೇ ಲೋಧಿ ಕಾಲೋನಿಗೆ ಹೋಗುತ್ತಿದ್ದರು. ಅಲ್ಲಿ ಶಾಂತಮ್ಮನವರ ಮಗನಿಗೆ ಸರ್ಕಾರಿ ಕ್ವಾರ್ಟರ್ಸ್ ಇತ್ತು. ಶಾಂತಮ್ಮ ನಿವೃತ್ತ ನರ್ಸು. ಅವರ ಹಜಾರದಲ್ಲಿ ಕನ್ನಡ ಕ್ರೈಸ್ತರ ಪ್ರಾರ್ಥನಾ ಕೂಟ ಸೇರುತ್ತಿತ್ತು. ಧಾರವಾಡದವರು, ಉಡುಪಿಯವರು, ಈಚೆಗೆ ಗುರುಗ್ರಾಮದ ಆಫೀಸುಗಳ ಹುಡುಗ ಹುಡುಗಿಯರು. ತಿಂಗಳಿಗೊಮ್ಮೆ ಪಾದ್ರಿ ಅಯ್ಯನವರು ಬಂದು, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಡೆಸಿಕೊಡುತ್ತಿದ್ದರು. ಕೀರ್ತನೆ ಎತ್ತಿಕೊಡುವುದು ದಿಲೀಪನ ಪಾಲು. ಅವನ ಕಂಠವನ್ನು ಮಾಳಿಗೆ ಮನೆಯವರು ಕಿಟಕಿ ತೆರೆದು ಕೇಳುತ್ತಿದ್ದರು.

ಗುರುಗ್ರಾಮದ ಕೆಲಸ ಸಿಕ್ಕಾಗ ಕೂಟದವರೆಲ್ಲ ದೇವರಿಗೆ ಸ್ತೋತ್ರ ಹೇಳಿದರು. ಆರು ಟವರ್‌ಗಳ ದೊಡ್ಡ ವಸತಿ. ನೀರು, ಕರೆಂಟು, ಲಿಫ್ಟು ಎಲ್ಲದರ ಉಸ್ತುವಾರಿ ದಿಲೀಪನದು. ಅವನ ಮೇಲೆ ನಿರ್ವಹಣಾ ಕಂಪನಿಯ ಸೆಹ್ರಾವತ್ ಸಾಹೇಬ. ಒಳ್ಳೆಯ ಮಾತಿನ ಮನುಷ್ಯ, ಎದುರಿಗೆ ಬಂದವರ ಹೆಗಲ ಮೇಲೆ ಕೈ ಹಾಕದೆ ಮಾತಾಡುತ್ತಿರಲಿಲ್ಲ.

ಮೊದಲ ಬೇಸಿಗೆಯಲ್ಲೇ ಒಂದು ಪಂಪು ಸುಟ್ಟುಹೋಯಿತು. ಕಂಪನಿ ಹಳೇ ಮೋಟಾರಿಗೆ ಬಣ್ಣ ಹೊಡೆಸಿ ಕೂರಿಸಿತ್ತು. ನೀರಿಲ್ಲವೆಂದು ನಿವಾಸಿಗಳು ಫೋನ್ ಮಾಡತೊಡಗಿದರು.

"ಟ್ಯಾಂಕ್ ಸಫಾಯಿ ನಡೀತಿದೆ ಅಂತ ಹೇಳು. ಅದರಿಂದ ಯಾರಿಗೆ ಏನು ನಷ್ಟ?" ಅಂದ ಸೆಹ್ರಾವತ್.

ದಿಲೀಪ ಹೇಳಿದ. ಅಂದು ಅವನಿಗೆ ಊಟ ಸೇರಲಿಲ್ಲ. ಮುಂದಿನ ಸಲ ಇಂಥದ್ದೇ ಮಾತು ಹೇಳಬೇಕಾಗಿ ಬಂದಾಗ ಊಟ ಸೇರಿತು.

ನಿವಾಸಿಗಳು ಮನೆಯಲ್ಲಿರುವುದು ಭಾನುವಾರ, ದೂರುಗಳು ಬರುವುದೂ ಭಾನುವಾರವೇ. ವಾರಕ್ಕೊಮ್ಮೆ ಇದ್ದ ಕೂಟ ಅವನ ಪಾಲಿಗೆ ತಿಂಗಳಿಗೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ. ಕರುಣಾ ಕೇಳಿದರೆ ಅವನ ಹತ್ತಿರ ಉತ್ತರ ಸಿದ್ಧವಿತ್ತು. "ನಾನು ಬಿಟ್ಟರೆ ಈ ಜಾಗಕ್ಕೆ ದೇವರ ಭಯ ಇಲ್ಲದವನು ಬರ್ತಾನೆ. ನಾನಿದ್ದರೆ ಅಷ್ಟಾದರೂ ಸರಿ ಇರುತ್ತೆ." ಆ ಮಾತನ್ನು ಅವನು ನಿಜವಾಗಿಯೂ ನಂಬಿದ್ದ. ಕೊನೆಗೆ ಕಂಪನಿಯವರು ಹಿಂದಿನ ಗೇಟಿನ ಪಕ್ಕ ಒಂದು ಸಣ್ಣ ಫ್ಲಾಟು ಕೊಟ್ಟಾಗ ಸಂಸಾರವನ್ನು ಅಲ್ಲಿಗೇ ಸಾಗಿಸಿದ.

ಬಿರುಕು ಕಂಡದ್ದು ಮಳೆಗಾಲದಲ್ಲಿ. ನೆಲಮಾಳಿಗೆಯ ದೊಡ್ಡ ಟ್ಯಾಂಕಿನ ಗೋಡೆಗೆ ಒತ್ತಿಕೊಂಡೇ ಒಳಚರಂಡಿಯ ಗುಂಡಿ ಇತ್ತು. ಒಂದು ಬೆಳಿಗ್ಗೆ ಟಾರ್ಚು ಹಿಡಿದು ಇಳಿದ ದಿಲೀಪನಿಗೆ ಗೋಡೆಯ ಮೇಲೆ ಕಪ್ಪಗೆ, ಒದ್ದೆಯಾಗಿ, ಹಾವು ಹರಿದಂಥ ಗೆರೆ ಕಂಡಿತು. ಬೆರಳಿಟ್ಟು ಮೂಸಿದ. ಚರಂಡಿಯ ನಾತ.

ನೇರ ಸೆಹ್ರಾವತನ ಬಳಿ ಹೋದ. "ಸಾಹೇಬ್, ಚರಂಡಿ ನೀರು ಕುಡಿಯೋ ನೀರಿಗೆ ಇಳೀತಿದೆ. ಟ್ಯಾಂಕ್ ಖಾಲಿ ಮಾಡಿಸಿ ಗೋಡೆ ಒಡೆದು ಕಟ್ಟಬೇಕು."

"ದೀಪಾವಳಿ ಮುಗೀಲಿ ದಿಲೀಪ್ ಭಾಯಿ. ಈಗ ನೀರು ನಿಲ್ಲಿಸಿದ್ರೆ ಆರು ಟವರಿನವರೂ ನನ್ನ ತಲೆ ತಿಂತಾರೆ. ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕು. ಎಲ್ಲರ ಮನೇಲೂ ಫಿಲ್ಟರ್ ಇದೆ ಬಿಡು."

ಕೆಲಸದವರ ಕೋಣೆಗಳಲ್ಲಿ, ಕಾವಲುಗಾರರ ಶೆಡ್ಡಿನಲ್ಲಿ ಯಾವ ಫಿಲ್ಟರೂ ಇಲ್ಲವೆಂದು ದಿಲೀಪನಿಗೆ ಗೊತ್ತಿತ್ತು. ಪೌಡರಿನ ಚೀಲ ಹೊತ್ತು ನೆಲಮಾಳಿಗೆಗೆ ಇಳಿದ. ಅಂದಿನಿಂದ ತನ್ನ ಮನೆಗೆ ಹೊರಗಿನಿಂದ ಕ್ಯಾನ್ ನೀರು ತರಿಸತೊಡಗಿದ. ತನ್ವಿಯ ಹೊಟ್ಟೆ ಸೂಕ್ಷ್ಮ ಎಂದು ಕರುಣಾಳಿಗೆ ಹೇಳಿದ.

ನೀರು ವಾಸನೆ ಬರುತ್ತಿದೆಯೆಂದು ನಿವಾಸಿಗಳ ಸಮಿತಿ ಪರೀಕ್ಷೆ ಮಾಡಿಸಲು ಹೇಳಿದಾಗ, ಲ್ಯಾಬಿಗೆ ಕಳಿಸುವ ಬಾಟಲಿಯನ್ನು ದಿಲೀಪ ಮನೆಯ ಕ್ಯಾನಿನಿಂದ ತುಂಬಿಸಿದ. ಕೈ ನಡುಗಲಿಲ್ಲ. ಆಮೇಲೆ ಯೋಚಿಸಿದಾಗ ಅವನನ್ನು ಹೆದರಿಸಿದ್ದು ಅದೇ, ಕೈ ನಡುಗದೇ ಇದ್ದದ್ದು.

ದೀಪಾವಳಿ ಬಂತು, ಹೋಯಿತು. ಗೋಡೆ ಹಾಗೇ ಇತ್ತು. ಹಿಂದಿನ ಗೇಟಿನ ಕಾವಲುಗಾರನ ಕಣ್ಣು ಅರಿಶಿನ ಬಳಿದಂತೆ ಆಯಿತು. ರಜೆ ಹಾಕಿ ಬಿಹಾರಕ್ಕೆ ಹೋದವನು ತಿರುಗಿ ಬರಲಿಲ್ಲ, ಫೋನೂ ಎತ್ತಲಿಲ್ಲ. ಮೂರನೇ ಟವರಿನ ಮಕ್ಕಳು ಶಾಲೆ ತಪ್ಪಿಸತೊಡಗಿದರು. ಎಲ್ಲರೂ ಹವೆಯನ್ನು, ಹೊಗೆಯನ್ನು, ಹೋಟೆಲ್ ಊಟವನ್ನು ಬೈದರು. ದಿಲೀಪನೂ ಅವರ ಜೊತೆ ಸೇರಿ ಬೈದ.

ಬಹಳ ದಿನದ ಮೇಲೆ ಅವನು ಲೋಧಿ ಕಾಲೋನಿಯ ಕೂಟಕ್ಕೆ ಹೋದ ಭಾನುವಾರ ಶಾಂತಮ್ಮ ಬೈಬಲಿನ ಲೋಟನೆಂಬವನ ಕಥೆ ತೆಗೆದುಕೊಂಡಿದ್ದರು. ಲೋಟ ಮೊದಲು ಪಾಪದ ಊರಾದ ಸೊದೋಮಿನ ಕಡೆ ಮುಖ ಮಾಡಿ ಗುಡಾರ ಹಾಕಿದ, ಆಮೇಲೆ ಅದರ ಹತ್ತಿರ, ಕಡೆಗೆ ಊರ ಬಾಗಿಲಲ್ಲೇ ಹಿರಿಯನಾಗಿ ಕೂತ. "ಒಂದೇ ದಿನ ಯಾರೂ ಅಲ್ಲಿಗೆ ಹೋಗಿ ಕೂರೋದಿಲ್ಲ. ಗುಡಾರದ ಗೂಟ ಕಿತ್ತು ಕಿತ್ತು ಮುಂದೆ ಹಾಕ್ತಾರೆ" ಅಂದರು.

ದಿಲೀಪನಿಗೆ ಕೂತಲ್ಲಿ ಬೆವರು ಬಂತು. ನಗುತ್ತಾ ಹೇಳಿದ: "ಆದ್ರೂ ಅಮ್ಮಾ, ಅದೇ ಲೋಟನನ್ನ ದೇವರ ವಾಕ್ಯ ನೀತಿವಂತ ಅಂತಾನೇ ಕರೆಯುತ್ತಲ್ಲ?"

ಶಾಂತಮ್ಮ ಕನ್ನಡಕದ ಮೇಲಿನಿಂದ ಅವನನ್ನೇ ನೋಡಿದರು. "ಕರೆಯುತ್ತಪ್ಪಾ. ದೇವರು ಆ ಊರು ಸುಟ್ಟಾಗ ಅವನ ಮನೆಯವರಿಗೆ ಏನಾಯ್ತು ಅನ್ನೋದನ್ನೂ ಓದು."

ಮರಳುವಾಗ ಮೆಟ್ರೋದಲ್ಲಿ ದಿಲೀಪನ ಮನಸ್ಸಿಗೆ ಒಂದು ಉಪಾಯ ಹೊಳೆಯಿತು. ಕೂಟಕ್ಕೆ ಏನಾದರೂ ಮಾಡಬೇಕು. ಕ್ರಿಸ್ಮಸ್ ಮುಂಚಿನ ಕರ್ತನ ಭೋಜನಕ್ಕೆ ಜನ ಹೆಚ್ಚು, ಶಾಂತಮ್ಮನ ಹಜಾರ ಸಾಲದು. ಟವರಿನ ಕ್ಲಬ್ ಸಭಾಂಗಣ ಕೊಡಿಸಬಹುದು. ಕೇಳಿದಾಗ ಸೆಹ್ರಾವತ್ ಖುಷಿಯಿಂದಲೇ ಒಪ್ಪಿದ. "ನೀನು ನಮ್ಮವನು, ನಿನಗಿಲ್ಲ ಅಂತೀನಾ?"

ಆ ದಿನ ಸಭಾಂಗಣದ ತುಂಬ ಜನ. ದಿಲೀಪ ಬಹಳ ದಿನಗಳ ಮೇಲೆ ಕೀರ್ತನೆ ಎತ್ತಿದ, ಕಂಠ ಮೊದಲಿನಂತೆಯೇ ಏರಿತು. ಮುಂದಿನ ಸಾಲಿನಲ್ಲಿ ಗಾನವಿ ತನ್ನ ಗಂಡ ಚಿರಂತ್‌ನ ಪಕ್ಕ ಕೂತಿದ್ದಳು. ಮೈಸೂರಿನ ಹುಡುಗಿ, ಹತ್ತಿರದ ಐಟಿ ಕಂಪನಿಯಲ್ಲಿ ಕೆಲಸ, ಆರು ತಿಂಗಳ ಗರ್ಭಿಣಿ. ಬೆನ್ನಿಗೆ ದಿಂಬು ಬೇಕೆಂದಳು. ದಿಲೀಪನೇ ತಂದುಕೊಟ್ಟ.

ಅಯ್ಯನವರು ಬೋಧನೆ ಮಾಡುತ್ತಿದ್ದಾಗ ದಿಲೀಪ ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಕರುಣಾ ಮನೆಯಲ್ಲಿ ಕಾಯಿಸಿ ತಂದಿದ್ದ ಗಟ್ಟಿ ದ್ರಾಕ್ಷಾರಸವನ್ನು ಜಗ್ಗಿಗೆ ಸುರಿದಳು. ಬೆರೆಸಲು ಮನೆಯಿಂದ ತಂದಿದ್ದ ನೀರಿನ ಕ್ಯಾನ್ ಬಗ್ಗಿಸಿದಳು. ಖಾಲಿ. ಬಂದವರೆಲ್ಲ ಕುಡಿದು ಮುಗಿಸಿದ್ದರು. ಅವಳು ನಲ್ಲಿ ತಿರುಗಿಸಿ ಜಗ್ಗನ್ನು ಅದರ ಕೆಳಗೆ ಹಿಡಿದಳು.

ದಿಲೀಪ ಒಂದು ಹೆಜ್ಜೆ ಒಳಗಿಟ್ಟು ನಿಂತ. 'ಬೇಡ' ಎಂದರೆ 'ಯಾಕೆ' ಎಂದು ಕೇಳುತ್ತಾಳೆ. ಆ ಯಾಕೆಗೆ ಉತ್ತರ ಕೊಟ್ಟರೆ ಬಾಟಲಿ ಹೊರಗೆ ಬರುತ್ತದೆ, ಕಾವಲುಗಾರ ಹೊರಗೆ ಬರುತ್ತಾನೆ, ಎಲ್ಲವೂ ಬರುತ್ತದೆ. ಸೆಹ್ರಾವತ್ ಬೇರೆ ಅತಿಥಿಯೆಂದು ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಒಂದು ಗುಟುಕು ತಾನೇ, ಅಂದುಕೊಂಡ. ಪೌಡರ್ ಹಾಕಿದೆ. ದೇವರ ಹೆಸರಲ್ಲಿ ಕುಡಿಯುವುದು, ದೇವರೇ ಕಾಯುತ್ತಾನೆ.

ಅಷ್ಟರಲ್ಲಿ ಅಯ್ಯನವರು, ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡೇ ಈ ಪಾತ್ರೆಯಲ್ಲಿ ಕುಡಿಯಲಿ ಎಂದು ಹೇಳಿ ಕಣ್ಣು ಮುಚ್ಚಿದರು. ಪುಟ್ಟ ಲೋಟಗಳ ತಟ್ಟೆ ಸಾಲಿನಿಂದ ಸಾಲಿಗೆ ಸಾಗಿತು. ಗಾನವಿ ಒಂದು ಲೋಟ ಎತ್ತಿಕೊಂಡಳು, ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ಕುಡಿದಳು. ತನ್ವಿ ಕುಡಿದಳು. ದಿಲೀಪನೂ ಕುಡಿದ. ದ್ರಾಕ್ಷಿ ಸಿಹಿಯಾಗಿತ್ತು.

ಆಮೇಲಿನ ವಾರಗಳಲ್ಲಿ ಅವನು ಯಾರ ಜೊತೆ ಮಾತಾಡಿದರೂ ಅವರ ಕಣ್ಣಿನ ಬಿಳಿಯನ್ನೇ ನೋಡುತ್ತಿದ್ದ. ಮಗಳನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ ನೋಡುತ್ತಿದ್ದ. ಕನ್ನಡಿಯಲ್ಲಿ ತನ್ನನ್ನೂ ನೋಡಿಕೊಳ್ಳುತ್ತಿದ್ದ. ಕ್ರಿಸ್ಮಸ್ ಕಳೆಯಿತು. ದಟ್ಟ ಮಂಜು ಇಳಿದು ಮೇಲಿನ ಮಹಡಿಗಳು ಕಾಣದಾದವು. ಯಾರಿಗೂ ಏನೂ ಆಗಲಿಲ್ಲ. ಅವನು ಉಸಿರು ಬಿಡತೊಡಗಿದ.

ಒಂದು ಮಧ್ಯಾಹ್ನ ಚಿರಂತ್‌ನ ಫೋನ್ ಬಂತು.

"ಅಣ್ಣಾ, ಗಾನವಿಗೆ ಊಟ ಸೇರ್ತಿಲ್ಲ. ವಾಂತಿ. ಇವತ್ತು ಕಣ್ಣು ಹಳದಿ ಆಗಿದೆ. ಆಸ್ಪತ್ರೆಗೆ ಬಂದಿದೀವಿ. ಅವಳು ನಿಮ್ಮ ಪ್ರಾರ್ಥನೆ ಬೇಕು ಅಂತಿದಾಳೆ. ಫೋನಲ್ಲೇ ಮಾಡಿ, ಸ್ಪೀಕರ್‌ಗೆ ಹಾಕ್ತೀನಿ."

ದಿಲೀಪ 'ಪರಲೋಕದ ತಂದೆಯೇ' ಎಂದ. ಮುಂದೆ ಬರಲಿಲ್ಲ. ಮತ್ತೊಮ್ಮೆ ಅಂದ. ಆ ಕಡೆ ಗಾನವಿ ನರಳುವುದು ಕೇಳಿಸುತ್ತಿತ್ತು.

"ಚಿರಂತ್, ಡಾಕ್ಟರ್ ಹತ್ತಿರ ಹೇಳು. ಚರಂಡಿ ಸೇರಿದ ನೀರು ಅವಳ ಹೊಟ್ಟೆಗೆ ಹೋಗಿದೆ. ಅವತ್ತು ಕ್ಲಬ್ಬಲ್ಲಿ. ನನಗೆ ಗೊತ್ತಿತ್ತು. ನಾನು ನೋಡ್ತಾ ನಿಂತಿದ್ದೆ."

ಫೋನು ಕೂಡಲೇ ಕಟ್ಟಾಯಿತು.

ಕರುಣಾ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಹಾಗಾದ್ರೆ ಈ ಕ್ಯಾನ್ ನೀರು?" ಎಂದು ಕೇಳಿದಳು. ಅವನು ತಲೆ ತಗ್ಗಿಸಿದ. "ಇಷ್ಟು ತಿಂಗಳು, ನಮಗೆ ಮಾತ್ರಾನಾ?" ಅಂದಳು. ಅವಳ ದನಿ ಏರಲಿಲ್ಲ. ಒಳಗೆ ಹೋಗಿ ಜಗ್ಗು ಹಿಡಿದಿದ್ದ ತನ್ನ ಕೈಗಳನ್ನು ಎಷ್ಟೋ ಹೊತ್ತು ತೊಳೆದುಕೊಂಡಳು.

ಅಂದೇ ಅವನು ಸಮಿತಿಯವರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಮೊದಲು ಯಾರೂ ನಂಬಲಿಲ್ಲ. ನೀರು ಚೆನ್ನಾಗಿದೆ ಎಂದು ಇಷ್ಟು ದಿನ ಹೇಳಿದವನು ಇವನೇ. ಕಂಪನಿಯ ಜೊತೆ ಜಗಳ ಆಗಿರಬೇಕು ಎಂದು ಒಬ್ಬರು ನಕ್ಕರು. ದಿಲೀಪ ಟಾರ್ಚು ತೆಗೆದುಕೊಂಡು ಅವರನ್ನು ನೆಲಮಾಳಿಗೆಗೆ ಕರೆದೊಯ್ದ. ಗೆರೆ ಈಗ ಬೆರಳು ತೂರುವಷ್ಟು ಅಗಲವಾಗಿತ್ತು. ನಕ್ಕವರು ಮೂಗು ಮುಚ್ಚಿಕೊಂಡು ಮೇಲಕ್ಕೆ ಓಡಿದರು. ಸಂಜೆಯೊಳಗೆ ನೀರು ಬಂದ್ ಆಯಿತು, ಪೊಲೀಸರು ಬಂದರು. ಸೆಹ್ರಾವತ್ ಈ ಬಿರುಕಿನ ವಿಷಯ ತನಗೆ ಯಾರೂ ಹೇಳಿಯೇ ಇರಲಿಲ್ಲ ಅಂದ.

ಗಾನವಿ ಐಸಿಯುನಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದಳು. ಬಸುರಿಯರಿಗೆ ಈ ಕಾಮಾಲೆ ಬಹಳ ಕೆಟ್ಟದ್ದು ಎಂದು ಡಾಕ್ಟರು ಹೇಳಿದರು. ಸ್ಟೇಷನ್ನಿನಿಂದ ಬಿಟ್ಟ ಕೂಡಲೇ ದಿಲೀಪ ಆಸ್ಪತ್ರೆಗೆ ಬಂದ. ಚಿರಂತ್ ಅವನನ್ನು ಕಂಡು ಎದ್ದು ಬೇರೆ ಕಡೆ ಹೋದ. ಶಾಂತಮ್ಮ ಬೆಂಚಿನ ಮೇಲಿದ್ದರು.

"ಅಮ್ಮಾ, ದೇವರು ನನ್ನನ್ನ ಕ್ಷಮಿಸ್ತಾನಾ?"

"ಕ್ಷಮಿಸ್ತಾನೆ ಅಂತಾನೇ ನಾನು ಜನ್ಮವಿಡೀ ಹೇಳ್ಕೊಂಡು ಬಂದಿದೀನಿ" ಅಂದರು ಅವರು. "ಆದರೆ ಇವತ್ತು ಆ ಮಾತು ಕೇಳೋಕೆ ಇಲ್ಲಿಗೆ ಬರಬೇಡ. ಒಳಗಿರೋ ಆ ಹುಡುಗಿಯ ಎದುರಿಗೆ ನಿನ್ನ ಸಮಾಧಾನ ಹುಡುಕಬೇಡ. ಹೋಗು, ಆ ಕಾವಲುಗಾರನ ಮನೆ ಎಲ್ಲಿದೆ ಅಂತ ಪತ್ತೆ ಮಾಡು."

ಗಾನವಿ ಉಳಿದಳು. ಮಗು ಉಳಿಯಲಿಲ್ಲ. ಅವರಿಬ್ಬರೂ ಗುರುಗ್ರಾಮ ಬಿಟ್ಟರು, ಎಲ್ಲಿಗೆ ಎಂದು ಕೂಟದಲ್ಲಿ ಯಾರಿಗೂ ಹೇಳಲಿಲ್ಲ. ದಿಲೀಪ ರೈಲು ಹತ್ತಿ ಬಿಹಾರಕ್ಕೆ ಹೋದ. ಕಾವಲುಗಾರನ ಊರಲ್ಲಿ ಅವನ ಹೆಂಡತಿ ತಲೆಯ ಮೇಲೆ ಸೆರಗೆಳೆದುಕೊಂಡು, ಅವರು ತೀರಿಹೋಗಿ ಬಹಳ ದಿನ ಆಯಿತು ಎಂದಳು. ಅವಳ ಅಂಗಳದಲ್ಲೂ ಅವನು ಎಲ್ಲವನ್ನೂ ಹೇಳಿದ. ಅವಳು ಬಾಗಿಲು ಹಾಕಿಕೊಂಡಳು.

ಈಗ ಕೇಸು ನಡೆಯುತ್ತಿದೆ. ಜಾಮೀನಿನ ಮೇಲೆ ಹೊರಗಿರುವ ದಿಲೀಪ ಕರೋಲ್ ಬಾಗಿನ ಒಂದು ಸಣ್ಣ ಹೋಟೆಲಿನಲ್ಲಿ ಪೈಪು, ನಲ್ಲಿ ರಿಪೇರಿ ಮಾಡುತ್ತಾನೆ. ಶಿಕ್ಷೆ ಆಗುವುದು ಖಂಡಿತ ಎಂದು ವಕೀಲರು ಹೇಳಿದ್ದಾರೆ. ಸುಮ್ಮನಿದ್ದರೆ ಕಡಿಮೆ ಆಗುತ್ತಿತ್ತು ಎಂದೂ ಹೇಳಿದ್ದಾರೆ. ಸೆಹ್ರಾವತನಿಗೆ ನೋಯ್ಡಾದಲ್ಲಿ ಇನ್ನೂ ದೊಡ್ಡ ವಸತಿಯ ಉಸ್ತುವಾರಿ ಸಿಕ್ಕಿದೆ.

ಮೊನ್ನೆ ಬೆಳಿಗ್ಗೆ ತಿಂಡಿ ತಿನ್ನುತ್ತಾ ತನ್ವಿ ತಟ್ಟನೆ ಕೇಳಿದಳು: "ಪಪ್ಪಾ, ಸಚ್ ಬತಾವೋ, ನಿಜ ಹೇಳಿ. ನೀವು ಹೇಳದೇ ಇರೋದು ಇನ್ನೂ ಕುಛ್ ಔರ್ ಇದೆಯಾ?"

ಇಲ್ಲ ಎನ್ನಲು ದಿಲೀಪನ ಬಾಯಿ ತಾನಾಗಿಯೇ ತೆರೆಯಿತು. ಎಷ್ಟು ಸಲೀಸಾಗಿ ತೆರೆಯಿತೆಂದರೆ ಅವನಿಗೇ ಭಯವಾಯಿತು. ಮುಚ್ಚಿಕೊಂಡ. ಕರುಣಾ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು, ತಿರುಗಲಿಲ್ಲ, ಆದರೆ ಕೈಯಾಡಿಸುವುದನ್ನು ನಿಲ್ಲಿಸಿದ್ದಳು.

"ಇದೆ" ಅಂದ ದಿಲೀಪ. "ಕೂತ್ಕೋ. ಮೊದಲ ಬೇಸಿಗೇಲಿ ಒಂದು ಪಂಪು ಸುಟ್ಟಿತ್ತು, ಅಲ್ಲಿಂದ ಹೇಳ್ತೀನಿ."